ಬಿಚ್ಚಿಸಿದವರ ಮುಂದೆ ಮೌನ, ಬಿಚ್ಚಿದವರ ಮೇಲೆ ಕೇಸು

ಬೆತ್ತಲೆ ಫೋಟೋ ತೆಗೆಯುವವನು ಕಾಮುಕ, ತೆಗೆಸಿಕೊಳ್ಳುವವಳು ದುಡ್ಡಿಗೆ ಬಿದ್ದವಳು. ಮುಗಿಯಿತು ತೀರ್ಪು. ಬೈಲಹೊಂಗಲದ ಚಹಾದಂಗಡಿಯಲ್ಲೂ ಇದೇ ಮಾತು, ಟಿವಿ ಚರ್ಚೆಯಲ್ಲಿ ಗಂಟಲು ಹರಿದುಕೊಳ್ಳುವವರದೂ ಇದೇ ಮಾತು. 2022ರಲ್ಲಿ ನಟ ರಣವೀರ್ ಸಿಂಗ್ ವಿದೇಶಿ ಪತ್ರಿಕೆಯೊಂದಕ್ಕಾಗಿ ಬಟ್ಟೆಯಿಲ್ಲದೆ ಕ್ಯಾಮೆರಾ ಎದುರು ಕೂತಾಗ ಮುಂಬೈಯಲ್ಲಿ ಎಫ್‌ಐಆರ್ ದಾಖಲಾಯಿತು. ಮಹಿಳೆಯರ ಭಾವನೆಗೆ ಧಕ್ಕೆಯಾಯಿತಂತೆ. ಅಂಥ ಚಿತ್ರ ತೆಗೆಯಬೇಕು, ತೆಗೆಸಿಕೊಳ್ಳಬೇಕು ಎಂದು ಮನುಷ್ಯರಿಗೆ ಯಾಕಾದರೂ ಅನಿಸುತ್ತದೆ ಎಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

ಈ ತೀರ್ಪು ಕೊಡುವವರನ್ನು ನಾನೊಂದು ಮಾತು ಕೇಳುತ್ತೇನೆ. 2024ರ ಏಪ್ರಿಲ್‌ನಲ್ಲಿ ಹಾಸನದ ಪೆನ್‌ಡ್ರೈವ್‌ಗಳಿಂದ ಹೊರಬಿದ್ದ ವಿಡಿಯೊಗಳು ನಿಮ್ಮ ಮೊಬೈಲಿಗೆ ಬಂದಾಗ ಏನು ಮಾಡಿದಿರಿ? ಅವುಗಳಲ್ಲಿ ಅಳುವ, ಬೇಡವೆನ್ನುವ ಹೆಣ್ಣುಮಕ್ಕಳಿದ್ದರು. ಅವರ ಮುಖ ಮುಚ್ಚುವ ಕನಿಷ್ಠ ಕರುಣೆಯನ್ನೂ ಹಂಚಿದವರು ತೋರಲಿಲ್ಲ. ಹಳ್ಳಿ ಹಳ್ಳಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅವು ಓಡಾಡಿದವು. ಅವನ್ನು ನೋಡಿ ಮುಂದಕ್ಕೆ ಕಳಿಸಿದ ಬೆರಳುಗಳೇ ಇವತ್ತು ಸ್ವಂತ ಮನಸ್ಸಿನಿಂದ ಕ್ಯಾಮೆರಾ ಎದುರು ನಿಂತವಳತ್ತ ಚಾಚಿಕೊಂಡಿವೆ. ನನ್ನ ಸಿಟ್ಟಿಗೆ ಕಾರಣ ಇದು.

ಮೊದಲು ಆ ದುಡ್ಡಿನ ಮಾತನ್ನೇ ತೆಗೆದುಕೊಳ್ಳೋಣ. ಸ್ಪೆನ್ಸರ್ ಟ್ಯೂನಿಕ್ ಎಂಬ ಅಮೆರಿಕದ ಛಾಯಾಗ್ರಾಹಕ 2007ರಲ್ಲಿ ಮೆಕ್ಸಿಕೊ ಸಿಟಿಯ ದೊಡ್ಡ ಚೌಕದಲ್ಲಿ ಚಿತ್ರ ತೆಗೆದಾಗ ಸುಮಾರು 18,000 ಜನ ಬಟ್ಟೆ ಕಳಚಿ ನಿಂತರು. 2010ರಲ್ಲಿ ಸಿಡ್ನಿಯ ಆಪೆರಾ ಹೌಸಿನ ಮೆಟ್ಟಿಲುಗಳ ಮೇಲೆ ಸುಮಾರು 5,200 ಜನ. 2022ರಲ್ಲಿ ಅದೇ ಸಿಡ್ನಿಯ ಬಾಂಡೈ ಕಡಲತೀರದಲ್ಲಿ, ಚರ್ಮದ ಕ್ಯಾನ್ಸರ್ ಬಗ್ಗೆ ಎಚ್ಚರ ಮೂಡಿಸಲು, ಸುಮಾರು 2,500 ಜನ. ಇವರಿಗೆ ಸಿಕ್ಕಿದ್ದು ಆ ಚಿತ್ರದ ಒಂದೊಂದು ಪ್ರತಿ, ಸಂಬಳವಲ್ಲ. ಮುದುಕರಿದ್ದರು, ದಪ್ಪಗಿದ್ದವರಿದ್ದರು, ಮೈಮೇಲೆ ಆಪರೇಷನ್ನಿನ ಗೆರೆ ಹೊತ್ತವರಿದ್ದರು. ಹದಿನೆಂಟು ಸಾವಿರ ಜನ ದುಡ್ಡಿಲ್ಲದೆ, ನಸುಕಿನ ಚಳಿಯಲ್ಲಿ ಬಂದು ನಿಂತರೆಂದರೆ ಅವರನ್ನು ಎಳೆದು ತಂದದ್ದು ದುಡ್ಡಲ್ಲದ ಬೇರೇನೋ ಇದ್ದಿರಲೇಬೇಕು.

ಅದೇನೆಂದು ನನಗೆ ಮನದಟ್ಟು ಮಾಡಿಸಿದವನು ಬೈಲಹೊಂಗಲದ ಒಬ್ಬ ಫೋಟೋಗ್ರಾಫರ್ ಗೆಳೆಯ. ಮದುವೆ, ಸೀಮಂತ, ಪಾಸ್‌ಪೋರ್ಟ್ ಸೈಜು ಅವನ ಅನ್ನ. ಒಂದು ದಿನ ಅವನ ಸ್ಟುಡಿಯೋದಲ್ಲಿ ಕೂತಿದ್ದೆ. ಕಂಪ್ಯೂಟರಿನ ಮೇಲೆ ಒಬ್ಬ ಮದುಮಗಳ ಚಿತ್ರ. ಮೊದಲು ಕೊರಳಿನ ಬಣ್ಣ ತಿಳಿ ಮಾಡಿದ. ಆಮೇಲೆ ಕೆನ್ನೆ ನುಣ್ಣಗೆ ಮಾಡಿದ. ಮುಂಗೈ ಮೇಲೆ ರೊಟ್ಟಿ ಹಂಚು ತಾಗಿ ಸುಟ್ಟ ಕಲೆಯಿತ್ತು, ಉದ್ದಕ್ಕೆ, ಕಂದು ಬಣ್ಣದ್ದು. ಗಂಡಿನ ಕಡೆಯವರು ಅದನ್ನು ತೆಗೆಯಲು ಹೇಳಿದ್ದರಂತೆ. ನಾಲ್ಕು ಸಲ ಮೌಸ್ ಒತ್ತಿದ, ಕಲೆ ಹೋಯಿತು. "ಮದವಿ ಆಲ್ಬಮ್ಮಿನ್ಯಾಗ ಮನಷ್ಯಾರು ಉಳಿಯಂಗಿಲ್ಲರೀ ಸರ. ಸೀರಿ ಉಳಿತೈತಿ, ಬಂಗಾರ ಉಳಿತೈತಿ" ಎಂದ. ಬೀಗ ಹಾಕಿದ ಕಪಾಟಿನಿಂದ ಒಂದು ಲಕೋಟೆ ತೆಗೆದು ತೋರಿಸಿದ. ಅವನದೇ ಚಿತ್ರಗಳು. ಸ್ಟುಡಿಯೋದ ಷಟರ್ ಎಳೆದುಕೊಂಡು, ಟ್ರೈಪಾಡಿಗೆ ಕ್ಯಾಮೆರಾ ಕೂರಿಸಿ, ಟೈಮರ್ ಹಾಕಿ, ಬೆಳಗಿನ ಒಂದೇ ಕಿಟಕಿ ಬೆಳಕಿನಲ್ಲಿ ತೆಗೆದುಕೊಂಡವು. ವರ್ಷಗಟ್ಟಲೆ ಕ್ಯಾಮೆರಾ ಚೀಲ ಹೊತ್ತು ಒಂದು ಭುಜ ತುಸು ಕೆಳಗೆ ಇಳಿದಿದೆ. ಹೊಟ್ಟೆಯ ಬಲಕ್ಕೆ ಅಪೆಂಡಿಕ್ಸ್ ಆಪರೇಷನ್ನಿನ ಹೊಲಿಗೆ ಗುರುತು. ಬೆನ್ನಿನ ನಟ್ಟನಡುವೆ ಬೆಳಕು ಬಿದ್ದು ಬೆನ್ನುಮೂಳೆ ಒಂದು ದಾರಿಯ ಹಾಗೆ ಕಾಣುತ್ತಿತ್ತು. "ಇನ್ನೊಬ್ರಿಗೆ ಹೇಳೂಕಿಂತ ಮೊದಲ ನಾನ ನಿಂತ್ ನೋಡಬೇಕಲ್ರೀ. ಚರ್ಮದ ಮ್ಯಾಲ ಬಿದ್ದ ಬೆಳಕ ಸುಳ್ಳ ಹೇಳಂಗಿಲ್ಲ."

ಛಾಯಾಗ್ರಾಹಕನನ್ನು ಎಳೆಯುವುದು ಇದೇ. ಉಟ್ಟ ಬಟ್ಟೆ ಒಬ್ಬರ ಜಾತಿ ಹೇಳುತ್ತದೆ, ಅಂತಸ್ತು ಹೇಳುತ್ತದೆ, ಯಾವ ಕಾಲದವರೆಂದು ಹೇಳುತ್ತದೆ. ಅದನ್ನು ತೆಗೆದಿಟ್ಟ ಮೇಲೆ ಹೇಳಲು ಉಳಿಯುವುದು ಬೆಳಕು ಮತ್ತು ಆಕಾರ. ಅಲ್ಲಿ ಕೈ ಸೋತರೆ ಜರತಾರಿಯ ಹಿಂದೆ ಅಡಗಲು ಆಗುವುದಿಲ್ಲ. ಎಡ್ವರ್ಡ್ ವೆಸ್ಟನ್ 1936ರಲ್ಲಿ ಕ್ಯಾಲಿಫೋರ್ನಿಯಾದ ಓಷಿಯಾನೊ ಮರಳು ದಿಬ್ಬಗಳಲ್ಲಿ ಚಾರಿಸ್ ವಿಲ್ಸನ್ ಎಂಬಾಕೆಯ ಚಿತ್ರ ತೆಗೆದ. ಅವು ಇವತ್ತಿಗೂ ಛಾಯಾಗ್ರಹಣ ಕಲಿಯುವವರಿಗೆ ಪಾಠ. ನಮ್ಮಲ್ಲಿ ಪ್ರಬುದ್ಧ ದಾಸ್‌ಗುಪ್ತ 1996ರಲ್ಲಿ ನಗರದ ಭಾರತೀಯ ಮಹಿಳೆಯರ ಇಂಥ ಚಿತ್ರಗಳನ್ನು ಪುಸ್ತಕವಾಗಿ ತಂದರು. ಚಾರಿಸ್ ವಿಲ್ಸನ್ ಸುಮ್ಮನೆ ನಿಂತ ಗೊಂಬೆಯಲ್ಲ. ವೆಸ್ಟನ್ನನ ಜೊತೆ ಬರೆದವಳು, ಮುಪ್ಪಿನಲ್ಲಿ ತನ್ನ ಆತ್ಮಕಥೆಯನ್ನೂ ಬರೆದವಳು. ರೂಪದರ್ಶಿಗೆ ಬಾಯಿಲ್ಲ, ಬುದ್ಧಿಯಿಲ್ಲ, ಅವಳನ್ನು ಯಾರೋ ಮೋಸ ಮಾಡಿ ನಿಲ್ಲಿಸಿದ್ದಾರೆ ಎನ್ನುವುದು ಅವಳ ಪರವಾದ ಮಾತೆಂದು ನೀವು ತಿಳಿದಿದ್ದೀರಿ. ಅವಳಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ.

ಮೈ ತೋರಿಸುವುದು ಸುಲಭದ ಕೆಲಸವೂ ಅಲ್ಲ. ಚಿತ್ರಕಲಾ ಶಾಲೆಯ ಲೈಫ್ ಕ್ಲಾಸಿನಲ್ಲಿ ರೂಪದರ್ಶಿಯ ಪಾದದ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಾರೆ. ವಿರಾಮದಿಂದ ಮರಳಿದ ಮೇಲೆ ಅದೇ ಗೆರೆಯೊಳಗೆ ಅದೇ ಪಾದ ಇಟ್ಟು, ಅದೇ ಕೋನಕ್ಕೆ ಕತ್ತು ತಿರುಗಿಸಿ ನಿಲ್ಲಬೇಕು. ಕಾಲು ಜೋಮು ಹಿಡಿಯುತ್ತದೆ, ಸೊಂಟ ಸಿಡಿಯುತ್ತದೆ. ಎದುರಿಗೆ ಕೂತ ಹುಡುಗರು ಪೆನ್ಸಿಲ್ ಕಣ್ಣಿನ ನೇರಕ್ಕೆ ಹಿಡಿದು ಮೊಣಕಾಲಿನಿಂದ ಹಿಮ್ಮಡಿಗೆ ಎಷ್ಟು ಅಳತೆ ಎಂದು ಲೆಕ್ಕ ಹಾಕುತ್ತಿರುತ್ತಾರೆ. ಮುಂಬೈಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಈ ತರಗತಿ ಶುರುವಾಗಿ ನೂರು ವರ್ಷ ದಾಟಿದೆ. ನಮ್ಮ ಸೀಮೆ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಇಲ್ಲಿನ ಚಿತ್ರಗಾರರ ಗುರುಮನೆ ಅದು. ಧಾರವಾಡದಲ್ಲಿ ಚಿತ್ರಕಲಾ ಶಾಲೆ ಕಟ್ಟಿದ ಡಿ.ವಿ. ಹಾಲಭಾವಿಯವರು ಕಲಿತದ್ದು ಅಲ್ಲಿ, ಕೆ.ಕೆ. ಹೆಬ್ಬಾರರು ಕಲಿತದ್ದೂ ಅಲ್ಲೇ. ನೀವು ಮನೆಯ ಗೋಡೆಗೆ ತೂಗುಹಾಕಿ ಕೈಮುಗಿಯುವ ದೇವರ, ಶರಣರ ಚಿತ್ರಗಳಲ್ಲಿ ತೋಳು ತೋಳಿನಂತೆ, ಬೆರಳು ಬೆರಳಿನಂತೆ ಮೂಡಿದ್ದರೆ ಅದರ ಹಿಂದೆ ಗಂಟೆಗಟ್ಟಲೆ ಜೋಮು ಹಿಡಿದು ನಿಂತ ಯಾವಳೋ ಬಡ ಹೆಂಗಸಿನ ಋಣವಿದೆ. ಅಂಥ ಹೆಂಗಸಿನ ಕಥೆ ಹೇಳಿದ ರವಿ ಜಾಧವರ ಮರಾಠಿ ಸಿನಿಮಾ 'ನ್ಯೂಡ್' 2017ರಲ್ಲಿ ಗೋವಾ ಚಿತ್ರೋತ್ಸವಕ್ಕೆ ಆಯ್ಕೆಯಾಗಿತ್ತು. ತೀರ್ಪುಗಾರರು ಆರಿಸಿದ್ದನ್ನು ಕೇಂದ್ರದ ಮಂತ್ರಾಲಯ ಪಟ್ಟಿಯಿಂದ ಕಿತ್ತುಹಾಕಿತು.

ಈ ಮಾತು ಬಂದಾಗ ಇನ್ನೊಂದು ಸಂಕಟ ಹೇಳದೆ ಇರಲಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ: ಈ ನಾಲ್ಕು ಊರಿನಲ್ಲಿ ಒಂದು ಚಿತ್ರವನ್ನು ಗೋಡೆಗೆ ತೂಗಿ, ನಾಲ್ಕು ಜನ ಅದರ ಮುಂದೆ ನಿಂತು ಮಾತಾಡುವ ಜಾಗ ಎಲ್ಲಿದೆ? ಕಿತ್ತೂರು ಉತ್ಸವಕ್ಕೆ ರಸ್ತೆಯುದ್ದಕ್ಕೂ ಫ್ಲೆಕ್ಸ್ ಕಟ್ಟುತ್ತೇವೆ, ಅದರಲ್ಲಿ ಚೆನ್ನಮ್ಮನಿಗಿಂತ ಶುಭ ಕೋರುವವರ ಮುಖವೇ ದೊಡ್ಡದು. ಚಿತ್ರ ನೋಡುವುದನ್ನು ಕಲಿಸದೆ ಬೆಳೆಸಿದ ಮಕ್ಕಳ ಕೈಗೆ ಮೊಬೈಲ್ ಕೊಟ್ಟಿದ್ದೇವೆ. ಬೆತ್ತಲೆ ಮೈ ಅವರ ಕಣ್ಣಿಗೆ ಮೊದಲು ಬೀಳುವುದು ಕದ್ದು ನೋಡುವ ವಿಡಿಯೊದಲ್ಲಿ. 2012ರ ಫೆಬ್ರವರಿಯಲ್ಲಿ ವಿಧಾನಸಭೆಯೊಳಗೆ ಅಶ್ಲೀಲ ವಿಡಿಯೊ ನೋಡಿದ ಪ್ರಕರಣದಲ್ಲಿ ಮೂವರು ಮಂತ್ರಿಗಳು ರಾಜೀನಾಮೆ ಕೊಟ್ಟದ್ದು ಈ ರಾಜ್ಯದಲ್ಲೇ. ಅಂಥ ರಾಜ್ಯದಲ್ಲಿ ಕಲಾವಿದರಿಗೆ ಸಂಸ್ಕೃತಿಯ ಪಾಠ ಹೇಳುತ್ತಾರೆ.

ಸವದತ್ತಿಯ ಗುಡ್ಡಕ್ಕೆ ಬನ್ನಿ. ಜಮದಗ್ನಿಯ ಹೆಂಡತಿ ರೇಣುಕೆ ಮಲಪ್ರಭೆಯ ನೀರಿನಲ್ಲಿ ಆಡುತ್ತಿದ್ದ ಗಂಧರ್ವನನ್ನು ಒಂದು ಗಳಿಗೆ ನೋಡಿದಳು. ಆ ನೋಟಕ್ಕೆ ಮಗನ ಕೈಯಿಂದಲೇ ಅವಳ ತಲೆ ಹೋಯಿತು. ಬನದ ಹುಣ್ಣಿಮೆಗೆ ಲಕ್ಷಗಟ್ಟಲೆ ಜನ ಉಧೋ ಉಧೋ ಎನ್ನುತ್ತ ಬರುವುದು ಆ ತಲೆ ಕಳೆದುಕೊಂಡ ತಾಯಿಯ ಹತ್ತಿರ. ಹೆಣ್ಣು ತಾನಾಗಿ ನೋಡಿದರೆ ತಪ್ಪು, ತಾನಾಗಿ ತೋರಿಸಿಕೊಂಡರೆ ತಪ್ಪು. ಬೇರೆಯವರು ಅವಳನ್ನು ನೋಡಿದರೆ, ತೋರಿಸಿದರೆ ಯಾವ ತಪ್ಪೂ ಇಲ್ಲ. ಇದೇ ಗುಡ್ಡದ ಹೆಸರಿನಲ್ಲಿ ಎಳೆಯ ಹುಡುಗಿಯರಿಗೆ ಮುತ್ತು ಕಟ್ಟಿದರು. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬರುವ ತನಕ ಅದನ್ನು ಎಷ್ಟು ಮಂದಿ ಅಶ್ಲೀಲವೆಂದರು? ಆಮೇಲೆ ದೇವದಾಸಿಯರ ಚಿತ್ರ ತೆಗೆಯಲು ದೇಶವಿದೇಶದ ಕ್ಯಾಮೆರಾಗಳು ಬಂದವು. 2010ರಲ್ಲಿ ವಿದೇಶಿಯರು ಮಾಡಿದ 'ಪ್ರಾಸ್ಟಿಟ್ಯೂಟ್ಸ್ ಆಫ್ ಗಾಡ್' ಎಂಬ ಸಾಕ್ಷ್ಯಚಿತ್ರದ ವಿರುದ್ಧ ಸಾಂಗ್ಲಿಯ ವ್ಯಾಂಪ್ ಎಂಬ ಲೈಂಗಿಕ ಕಾರ್ಯಕರ್ತೆಯರ ಸಂಘಟನೆಯ ಮಹಿಳೆಯರು ಸಿಡಿದೆದ್ದು, ತಮ್ಮದೇ ಉತ್ತರದ ವಿಡಿಯೊ ಮಾಡಿದರು. ಆ ಸಾಕ್ಷ್ಯಚಿತ್ರದಲ್ಲಿ ಅವರು ಮೈತುಂಬ ಬಟ್ಟೆ ಉಟ್ಟಿದ್ದರು. ಆದರೂ ತಮ್ಮನ್ನು ಜಗತ್ತಿನ ಮುಂದೆ ಬೆತ್ತಲೆ ಮಾಡಿದಂತಾಯಿತು ಎಂಬ ಸಿಟ್ಟು ಅವರದು. ಅಶ್ಲೀಲತೆ ಬಟ್ಟೆಯ ಉದ್ದದಲ್ಲಿ ಇಲ್ಲ, ಕೇಳಿ ತೆಗೆದಿರೋ ಕೇಳದೆ ತೆಗೆದಿರೋ ಎಂಬುದರಲ್ಲಿದೆ.

ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ನನ್ನೆದುರು ತಂದಿಡುವವರಿದ್ದಾರೆ. 1986ರಲ್ಲಿ ಅಲ್ಲಿ ಅದನ್ನು ತಡೆಯಲು ಹೋದ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಹಲ್ಲೆಯಾಯಿತು, ಮಹಿಳಾ ಪೊಲೀಸರ ಬಟ್ಟೆ ಕಿತ್ತರು. ಯು.ಆರ್. ಅನಂತಮೂರ್ತಿ ಬೆತ್ತಲೆ ಪೂಜೆ ಯಾಕೆ ಕೂಡದು ಎಂದು ಕೇಳಿದರು. ನಂಬಿಕೆಯ ಒಳಗಿನವರನ್ನು ಹೊರಗಿನವರು ತಿಳಿಯುವ ಕಷ್ಟದ ಬಗ್ಗೆ ಅದು ದೊಡ್ಡ ಪ್ರಶ್ನೆ. ನನ್ನ ಉತ್ತರ ಸರಳ: ದೇವಿ ಮುನಿದಾಳೆಂಬ ಭಯಕ್ಕೆ, ಹಿರಿಯರು ಹೇಳಿದರೆಂಬ ಕಟ್ಟಿಗೆ ಒಬ್ಬ ಬಡ ದಲಿತ ಹುಡುಗಿ ಬಟ್ಟೆ ತೆಗೆಯುವಲ್ಲಿ ಬೇಡವೆನ್ನುವ ದಾರಿ ಇಲ್ಲ. ಆ ಸೇವೆಯನ್ನು ನಿಷೇಧಿಸಿದ್ದು ಸರಿ. ಸ್ಟುಡಿಯೋದಲ್ಲಿ ನಿಂತ ಹೆಂಗಸು ಯಾವ ಗಳಿಗೆಯಲ್ಲೂ ಶಾಲು ಹೊದ್ದುಕೊಂಡು ಸಾಕು ಎನ್ನಬಹುದು. ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕುವವರಿಗೆ ಹೆಣ್ಣಿನ ಇಚ್ಛೆ ಎಂಬುದು ಕಣ್ಣಿಗೇ ಬಿದ್ದಿಲ್ಲ.

2023ರ ಡಿಸೆಂಬರ್‌ನಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಹೊಸ ವಂಟಮೂರಿಯಲ್ಲಿ ಏನಾಯಿತು ಎಂಬುದು ಎಲ್ಲರಿಗೂ ಗೊತ್ತು. ಮಗ ಒಬ್ಬ ಹುಡುಗಿಯೊಂದಿಗೆ ಓಡಿಹೋದ ಎಂದು ತಾಯಿಯನ್ನು ಮನೆಯಿಂದ ಎಳೆತಂದು, ಬಟ್ಟೆ ಕಿತ್ತು, ಕಂಬಕ್ಕೆ ಕಟ್ಟಿದರು. ಅದೇ ಹೊತ್ತಿಗೆ ಸುವರ್ಣ ಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆದಿತ್ತು. ಹೈಕೋರ್ಟು ತಾನಾಗಿ ಪ್ರಕರಣ ಕೈಗೆತ್ತಿಕೊಂಡು, ನಿಂತು ನೋಡಿದವರ ಬಗ್ಗೆ ಕಟುವಾಗಿ ಮಾತಾಡಿತು, ಊರಿಗೇ ಸಾಮೂಹಿಕ ದಂಡ ಹಾಕುವ ವಿಚಾರ ಎತ್ತಿತು. ಸಂಸ್ಕೃತಿ ರಕ್ಷಿಸುತ್ತೇವೆ ಎನ್ನುವವರು ಆವತ್ತು ಎಷ್ಟು ಬಂದ್ ಕರೆದರು, ಎಷ್ಟು ಮೆರವಣಿಗೆ ತೆಗೆದರು? ಸೀರೆ ಕಿತ್ತಾಗ ಬಾರದ ರೋಷ ಸೀರೆಯನ್ನು ತಾನೇ ಮಡಿಚಿಟ್ಟವಳ ಮೇಲೆ ಬರುತ್ತದೆಂದರೆ, ಇವರಿಗೆ ಸಂಕಟ ಕೊಡುವುದು ಬೆತ್ತಲೆಯಲ್ಲ, ಅವಳ ನಿರ್ಧಾರ.

ಕಾನೂನನ್ನು ತೋರಿಸಿ ಹೆದರಿಸಬೇಡಿ. ಮಿಲಿಂದ್ ಸೋಮನ್ ಮತ್ತು ಮಧು ಸಪ್ರೆ ಅವರ ಶೂ ಜಾಹೀರಾತಿನ ಬೆತ್ತಲೆ ಚಿತ್ರವನ್ನು ತೆಗೆದವರು ಅದೇ ಪ್ರಬುದ್ಧ ದಾಸ್‌ಗುಪ್ತ. ಅದರ ಮೇಲೆ 1995ರಲ್ಲಿ ಹಾಕಿದ ಕೇಸು 2009ರಲ್ಲಿ ಖುಲಾಸೆಯಾಗಿ ಮುಗಿಯಿತು. ಹದಿನಾಲ್ಕು ವರ್ಷ. ಟೆನಿಸ್ ಆಟಗಾರ ಬೋರಿಸ್ ಬೆಕರ್ ಮತ್ತು ಅವನ ಸಂಗಾತಿಯ ಬೆತ್ತಲೆ ಚಿತ್ರವನ್ನು 1993ರಲ್ಲಿ ಕೋಲ್ಕತ್ತದ ಪತ್ರಿಕೆಗಳು ಮರುಮುದ್ರಿಸಿದ್ದಕ್ಕೆ ಬಿದ್ದ ಕೇಸನ್ನು ಸುಪ್ರೀಂ ಕೋರ್ಟು 2014ರಲ್ಲಿ ರದ್ದು ಮಾಡಿತು. ಇಪ್ಪತ್ತೊಂದು ವರ್ಷ. ಕಪ್ಪು ಚರ್ಮದವಳು, ಬಿಳಿ ಚರ್ಮದವನು, ಪ್ರೀತಿ ಬಣ್ಣ ನೋಡುವುದಿಲ್ಲ ಎಂದು ಸಾರುವ ಚಿತ್ರ ಅದು. ತೆಗೆದವರು ಆ ಹುಡುಗಿಯ ತಂದೆಯೇ. ನಗ್ನತೆ ಇದ್ದ ಮಾತ್ರಕ್ಕೆ ಅಶ್ಲೀಲವಲ್ಲ ಎಂದು ಇಷ್ಟು ಸ್ಪಷ್ಟವಾಗಿ ದೊಡ್ಡ ಕೋರ್ಟೇ ಹೇಳಿದ ಮೇಲೂ ದೂರು ಕೊಡುವವರು ನಿಂತಿಲ್ಲ. ಗೆಲ್ಲುವುದು ಅವರಿಗೆ ಬೇಕಿಲ್ಲ, ಹದಿನಾಲ್ಕು ವರ್ಷ ಕೋರ್ಟಿಗೆ ಅಲೆದಾಡಿಸಿದರೆ ಸಾಕು.

ನನ್ನ ಕಡೆಯವರೂ ಒಂದು ಸೋಮಾರಿ ವಾದ ಹೂಡುತ್ತಾರೆ: ಬೇಲೂರು ನೋಡಿ, ಖಜುರಾಹೊ ನೋಡಿ, ಬಾದಾಮಿಯ ಲಜ್ಜಾಗೌರಿ ನೋಡಿ, 981ರಲ್ಲಿ ಚಾವುಂಡರಾಯ ನಿಲ್ಲಿಸಿದ ಗೊಮ್ಮಟನನ್ನು ನೋಡಿ ಎಂದು. ಆ ಸೊಬಗಿಗೆ ನಾನೂ ತಲೆಬಾಗುತ್ತೇನೆ. ಆದರೆ ಕಲ್ಲಿನ ಅನುಮತಿ ಯಾರೂ ಕೇಳಬೇಕಿಲ್ಲ. ಕಲ್ಲಾದರೆ ಆದೀತು ಎನ್ನುವ ಊರು ಜೀವ ಇರುವವಳಿಗೆ ಏನು ಹೇಳುತ್ತದೆ ಎಂಬುದು ಪ್ರಶ್ನೆ. ಅದಕ್ಕೆ ನಮ್ಮ ಅಕ್ಕಮಹಾದೇವಿ ಸಾಕು. ಕೌಶಿಕನ ಅರಮನೆಯನ್ನೂ ಅವನು ಕೊಟ್ಟ ಬಟ್ಟೆಯನ್ನೂ ಅಲ್ಲೇ ಬಿಟ್ಟು ಅವಳು ಕಲ್ಯಾಣಕ್ಕೆ ಬಂದಾಗ ಅಲ್ಲಮ ಕಠಿಣ ಪ್ರಶ್ನೆಗಳನ್ನೇ ಕೇಳಿದ. ಶೂನ್ಯಸಂಪಾದನೆಯಲ್ಲಿ ಅದೆಲ್ಲ ಇದೆ. ಕೇಳಿದವರು ಉತ್ತರ ಮುಗಿಯುವ ತನಕ ಕಾದರು, ಆಮೇಲೆ ಅಕ್ಕ ಎಂದು ಒಪ್ಪಿಕೊಂಡರು. ಹನ್ನೆರಡನೇ ಶತಮಾನ ಅಷ್ಟು ತಾಳ್ಮೆ ತೋರಿತು. ಅವಳ ಜಯಂತಿ ಮಾಡುವ ನಾವು ಪ್ರಶ್ನೆಗೂ ಮೊದಲು ಠಾಣೆಗೆ ಓಡುತ್ತೇವೆ.

ಫೋಟೋ ತೆಗೆಯುವ ಹೆಸರಿನಲ್ಲಿ ಮೋಸ ಮಾಡುವವರಿದ್ದಾರೆ. ಮಾಡೆಲ್ ಮಾಡುತ್ತೇನೆ, ಪೋರ್ಟ್‌ಫೋಲಿಯೊ ಮಾಡಿಕೊಡುತ್ತೇನೆ ಎಂದು ಹುಡುಗಿಯರನ್ನು ಕರೆಸಿಕೊಂಡು, ಆಮೇಲೆ ಚಿತ್ರ ಹಿಡಿದು ಹೆದರಿಸುವ ನೀಚರು. ಅವರನ್ನು ಜೈಲಿಗೆ ಹಾಕಿ. ಆದರೆ ಅವರ ಬಂಡವಾಳ ಏನು? ಹುಡುಗಿ ಮನೆಯಲ್ಲಿ ಹೇಳಲಾರಳು, ಹೇಳಿದರೆ ಅವಳನ್ನೇ ಬಡಿಯುತ್ತಾರೆ ಎಂಬ ಭರವಸೆ. ಆ ಭರವಸೆಯನ್ನು ಅವರ ಕೈಗೆ ಕೊಟ್ಟವರು ನೀವು, ತೀರ್ಪುಗಾರರೇ. ನನ್ನ ಗೆಳೆಯ ಒಂದು ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಬರೆದಿಟ್ಟುಕೊಂಡಿದ್ದಾನೆ. ಹದಿನೆಂಟು ತುಂಬಿರಬೇಕು, ಜೊತೆಗೆ ತನ್ನವರೊಬ್ಬರನ್ನು ಕರೆತರಬಹುದು, ತೆಗೆದ ಪ್ರತಿ ಚಿತ್ರವನ್ನೂ ನೋಡಬಹುದು, ಬೇಡವೆಂದದ್ದನ್ನು ಎದುರಿಗೇ ಅಳಿಸಬೇಕು, ಎಲ್ಲಿ ತೋರಿಸುತ್ತೇನೆಂದು ಮೊದಲೇ ಬರೆದು ಸಹಿ ಮಾಡಬೇಕು. ಇದನ್ನು ನಮ್ಮ ತಾಲ್ಲೂಕುಗಳ ಫೋಟೋಗ್ರಾಫರ್ ಸಂಘಗಳು ಅಚ್ಚು ಹಾಕಿಸಿ ಪ್ರತಿ ಸ್ಟುಡಿಯೋದ ಗೋಡೆಗೆ ಅಂಟಿಸಲಿ. ಬೆತ್ತಲೆ ಚಿತ್ರಕ್ಕೆ ಮಾತ್ರವಲ್ಲ, ರೊಟ್ಟಿ ಸುಟ್ಟ ಕಲೆಯನ್ನು ಅಳಿಸುವ ಮೊದಲು ಆ ಮದುಮಗಳನ್ನೂ ಒಂದು ಮಾತು ಕೇಳಲಿ. ಇಷ್ಟು ಮಾಡಲು ಯಾವ ಕೋರ್ಟಿನ ಅಪ್ಪಣೆಗೂ ಕಾಯಬೇಕಿಲ್ಲ.