ನಿಮ್ಮ ಪ್ಯಾಕೆಟ್ಟು ಯಾವ ಫೇಸಲ್ಲಿದೆ?

"ನಾಲ್ಕು ಲಿಂಕ್ ಇದೆ ಸಾರ್, ಲೋಡ್ ಬ್ಯಾಲೆನ್ಸ್ ಆಗ್ತಿದೆ, ಡ್ಯಾಶ್‌ಬೋರ್ಡೆಲ್ಲ ಹಸಿರು." ಈ ಮಾತನ್ನು ಉತ್ತರ ಅಂತ ಒಪ್ಪಿಕೊಳ್ಳೋದನ್ನ ನಾವು ನಿಲ್ಲಿಸಬೇಕು. ಇದು ಉತ್ತರವಲ್ಲ, ಜಾರಿಕೊಳ್ಳುವ ದಾರಿ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಯಾವ ತೆಂಗಿನ ತೋಟದವರನ್ನಾದರೂ ಕೇಳಿ. ಟಿ.ಸಿ.ಯಿಂದ ಮೂರು ಫೇಸ್ ಹೊರಡುತ್ತೆ, ಊರಿನ ಮನೆಗಳನ್ನು ಮೂರಕ್ಕೂ ಹಂಚಿರುತ್ತಾರೆ. ಒಂದು ಫೇಸ್ ಹೋದರೆ ನಮ್ಮನೆ ಕತ್ತಲೆ, ಪಕ್ಕದ ಮನೆಯಲ್ಲಿ ಟಿ.ವಿ. ಓಡ್ತಿರುತ್ತೆ. ಅದು ಗೊತ್ತಿಲ್ಲದೆ ತೋಟದ ಮೋಟರ್ ಹಾಕಿದರೆ ಗುಂಯ್ ಅಂದು ಕಾಯಿಲ್ ಸುಟ್ಟುಕೊಳ್ಳುತ್ತೆ. ಆಗ ಲೈನ್‌ಮ್ಯಾನ್ ಬಂದು "ಸರಾಸರಿ ನೋಡಿದರೆ ಊರಲ್ಲಿ ಕರೆಂಟ್ ಇದೆಯಲ್ಲ" ಅಂದರೆ ಸುಮ್ಮನೆ ಬಿಡ್ತಾರಾ? ಅವನು ಮೊದಲು ಕೇಳೋದೇ "ನಿಮ್ಮನೆ ಯಾವ ಫೇಸು?" ಅಂತ.

ನೆಟ್‌ವರ್ಕ್ ಸ್ವಿಚ್ ಮಾಡೋದೂ ಹೆಚ್ಚುಕಮ್ಮಿ ಇದನ್ನೇ. ಹಲವು ತಂತಿಗಳನ್ನು ಸೇರಿಸಿ ಒಂದೇ ಲಿಂಕಿನಂತೆ ಬಳಸುವ ವಿಧಾನವನ್ನು ಐಇಇಇ 2000ದಲ್ಲೇ 802.3ಎಡಿ ಎಂದು ಮಾನಕ ಮಾಡಿತು. ಒಂದು ಮಾತುಕತೆಯ ಪ್ಯಾಕೆಟ್‌ಗಳು ಹಿಂದುಮುಂದಾಗಬಾರದು ಅನ್ನೋದು ಅದರ ನಿಯಮ. ಹಾಗಾಗಿ ಸ್ವಿಚ್ಚು ಸಾಮಾನ್ಯವಾಗಿ ಎರಡು ಕಡೆಯ ಐಪಿ ವಿಳಾಸ, ಎರಡು ಪೋರ್ಟ್, ಪ್ರೋಟೊಕಾಲ್, ಈ ಐದನ್ನು ಹ್ಯಾಶ್ ಮಾಡಿ ಒಂದು ತಂತಿ ಆರಿಸುತ್ತೆ. ಆ ಕನೆಕ್ಷನ್ ಮುಗಿಯುವ ತನಕ ಅದೇ ತಂತಿ. ಇದು ಲಾಟರಿಯಲ್ಲ, ಲೆಕ್ಕ. ಅವೇ ಐದು ಸಂಖ್ಯೆ ಕೊಟ್ಟರೆ ಅದೇ ಉತ್ತರ.

ತಂತಿ ಪೂರ್ತಿ ಸತ್ತರೆ ಸ್ವಿಚ್ಚೇ ಅದನ್ನು ಬಿಟ್ಟುಬಿಡುತ್ತೆ. ತೊಂದರೆ ಬರೋದು ಅರ್ಧಂಬರ್ಧ ಸೋರುವ ತಂತಿಯಿಂದ. ಸರಾಸರಿಯಲ್ಲಿ ಅದು ಕಾಣಲ್ಲ, ಅದಕ್ಕೆ ಬಿದ್ದವನಿಗೆ ಮಾತ್ರ ಕಾಣುತ್ತೆ.

ಊರಿನ ಮನೆಯಿಂದ ಕೆಲಸ ಮಾಡುವಾಗ ನನಗೆ ಆಗಿದ್ದು ಇದೇ. ನಾಲ್ಕು ಸಲ ಕೋಡ್ ಎಳೆದರೆ ಒಂದು ಸಲ ಸಿಕ್ಕಿಹಾಕಿಕೊಳ್ಳೋದು. ಸಪೋರ್ಟ್‌ನವರು ಪಿಂಗ್ ಮಾಡಿ, "ಎಲ್ಲಾ ಸರಿ ಇದೆ, ಹಳ್ಳಿ ನೆಟ್ಟು ಅಲ್ವಾ" ಅಂದರು. ಪಿಂಗಿಗೆ ಪೋರ್ಟೇ ಇಲ್ಲ ಸ್ವಾಮಿ! ವಿಳಾಸ ಬದಲಾಗದಿದ್ದರೆ ಅದು ಹೆಚ್ಚಾಗಿ ಒಂದೇ ತಂತಿಯಲ್ಲಿ ಓಡಾಡಿಕೊಂಡಿರುತ್ತೆ. ಉಳಿದ ಮೂರರ ಬಗ್ಗೆ ಅದಕ್ಕೇನು ಗೊತ್ತು? ನಾನು ಸೋರ್ಸ್ ಪೋರ್ಟ್ ಕಟ್ಟಿಹಾಕಿ ಪದೇ ಪದೇ ಪರೀಕ್ಷೆ ಮಾಡಿದೆ. ಕೆಲವು ಪೋರ್ಟ್‌ಗಳು ಪ್ರತಿ ಸಲವೂ ಒದ್ದಾಡಿದವು, ಮಿಕ್ಕವು ಒಂದು ಸಲವೂ ಇಲ್ಲ. ಹಳ್ಳಿ ನೆಟ್ಟಿನ ದೋಷವಾಗಿದ್ದರೆ ಅದು ಪೋರ್ಟ್ ನಂಬರ್ ನೋಡಿಕೊಂಡು ಬರ್ತಿತ್ತಾ? "ರಿಫ್ರೆಶ್ ಮಾಡಿ ನೋಡಿ" ಅಂದಾಗ ಸರಿಹೋಗುವ ಗುಟ್ಟೂ ಇದೇ: ಹೊಸ ಕನೆಕ್ಷನ್, ಹೊಸ ಪೋರ್ಟ್, ಬೇರೆ ತಂತಿ. ರೋಗ ವಾಸಿಯಾಗಿಲ್ಲ, ಇನ್ನೊಬ್ಬನಿಗೆ ದಾಟಿದೆ ಅಷ್ಟೇ.

"ಹಾಗಾದರೆ ಪ್ಯಾಕೆಟ್‌ಗಳನ್ನು ಸರದಿ ಪ್ರಕಾರ ಹಂಚಬೇಕಾ?" ಅಂತ ಕೇಳುವವರಿದ್ದಾರೆ. ಬೇಡ. ಹಿಂದುಮುಂದಾದ ಪ್ಯಾಕೆಟ್ ಕಂಡು, ಕಳೆದೇಹೋಯ್ತು ಅಂದುಕೊಂಡು ಟಿಸಿಪಿ ವೇಗ ಇಳಿಸಿಬಿಡುತ್ತೆ. ಹಂಚುವ ರೀತಿ ಬದಲಿಸಿ ಅಂತ ನಾನು ಹೇಳ್ತಿಲ್ಲ. ಯಾರಿಗೆ ಯಾವುದು ಸಿಕ್ಕಿದೆ ಅಂತ ಹೇಳಿ ಅಂತಿದ್ದೀನಿ. "ದಾರಿಯಲ್ಲಿ ಹತ್ತಾರು ಸ್ವಿಚ್ ಇದೆ, ಹ್ಯಾಶನ್ನು ಕೈಯಲ್ಲಿ ಲೆಕ್ಕ ಹಾಕೋಕಾಗುತ್ತಾ?" ಅನ್ನೋದೂ ನೆಪ. ಕೈಯಲ್ಲಿ ಯಾಕೆ ಹಾಕ್ತೀರಿ? ಸಿಸ್ಕೊದ ಹಲವು ಕ್ಯಾಟಲಿಸ್ಟ್, ನೆಕ್ಸಸ್ ಸ್ವಿಚ್‌ಗಳಲ್ಲಿ ವಿಳಾಸ ಕೊಟ್ಟು "ಇದು ಯಾವ ಲಿಂಕಲ್ಲಿ ಹೋಗುತ್ತೆ?" ಅಂತ ಕೇಳೋಕೇ ಕಮಾಂಡ್ ಇದೆ. ಹೊರಗಿನಿಂದ ನೋಡೋಕೆ, ಒಂದೇ ಫ್ಲೋ ಹಿಡಿದು ದಾರಿ ತೋರಿಸುವ ಪ್ಯಾರಿಸ್ ಟ್ರೇಸ್‌ರೂಟ್ 2006ರಿಂದಲೇ ಇದೆ. ಉಪಕರಣದ ಕೊರತೆಯಿಲ್ಲ, ಕೇಳುವವರ ಕೊರತೆ.

ಆದ್ದರಿಂದ ಇನ್ಮುಂದೆ ಟಿಕೆಟ್ ಹಾಕುವಾಗ "ನೆಟ್ ಸ್ಲೋ" ಅಂತ ಬರೀಬೇಡಿ. ಆ ಐದು ಸಂಖ್ಯೆ, ಸಮಯ ಬರೆಯಿರಿ. ಹೋಗುವಾಗ ಯಾವ ಲಿಂಕು, ಬರುವಾಗ ಯಾವ ಲಿಂಕು ಅಂತ ಎರಡನ್ನೂ ಕೇಳಿ. ವಾಪಸ್ ದಾರಿಯನ್ನು ಆರಿಸುವುದು ಆ ಕಡೆಯ ಸ್ವಿಚ್ಚು. ಎರಡರದ್ದೂ ಎರರ್ ಕೌಂಟರ್ ತೋರಿಸಿ ಅನ್ನಿ. ತೋರಿಸುವ ತನಕ ಟಿಕೆಟ್ ಮುಚ್ಚೋಕೆ ಬಿಡಬೇಡಿ.