ಕೀಲೆಣ್ಣೆಯ ಮಟ್ಟವನ್ನು ನೋಡತಕ್ಕವರು ಯಾರು?

ಎತ್ತಿನ ಬಂಡಿಯೇ ನಮ್ಮ ನಾಡಿನ ಮುಖ್ಯ ವಾಹನವಾಗಿದ್ದ ಕಾಲದಲ್ಲಿ ಬಂಡಿಯ ಅಡಿಯಲ್ಲಿ ಕೀಲೆಣ್ಣೆಯ ಗೊಟ್ಟವೊಂದು ತೂಗುತ್ತಿತ್ತು. ದೂರದ ಪಯಣಕ್ಕೆ ಹೊರಡುವ ರೈತನು ಎತ್ತುಗಳನ್ನು ಹೂಡುವುದಕ್ಕೆ ಮೊದಲು ಅಚ್ಚಿನಲ್ಲಿ ಎಣ್ಣೆ ಸಾಕಷ್ಟಿದೆಯೇ ಎಂದು ತಾನೇ ನೋಡುತ್ತಿದ್ದನು. ಬಡಗಿಯು ಗಾಲಿಯನ್ನು ಸರಿಪಡಿಸಿ ಕೊಟ್ಟ ದಿನವೂ ಹೀಗೆ ನೋಡುವುದರಲ್ಲಿ ಬಡಗಿಯ ಮೇಲಣ ಅಪನಂಬಿಕೆಯೇನೂ ಇರಲಿಲ್ಲ. ನಡುದಾರಿಯಲ್ಲಿ ಅಚ್ಚು ಕಾದು ಬಂಡಿ ನಿಂತರೆ ಕಷ್ಟಪಡಬೇಕಾದವನು ತಾನು ಎಂಬ ಅರಿವು ಅವನಿಗಿತ್ತು, ಅಷ್ಟೆ.

ಇಂದು ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರಗಳ ಬೀದಿಗಳಲ್ಲಿ ಬಂಡಿಯ ಸ್ಥಾನವನ್ನು ಸ್ಕೂಟರು, ಬೈಕು, ಕಾರುಗಳು ಹಿಡಿದಿವೆ. ಮಾರಾಟಗಾರರ ಸರ್ವಿಸ್ ಕೇಂದ್ರದಿಂದ ವಾಹನವು ತೊಳೆದು ಹೊಳೆಯುತ್ತ ಹಿಂದಿರುಗುತ್ತದೆ. ‘ಎಂಜಿನ್ ಎಣ್ಣೆ ಬದಲಾಯಿಸಿದೆ’ ಎಂಬ ಸಾಲು ಬಿಲ್ಲಿನಲ್ಲಿರುತ್ತದೆ. ಆ ಸಾಲನ್ನು ಓದಿ ಹಣ ತೆರುವವರು ಬಹುಮಂದಿ. ಅಳತೆಗೋಲನ್ನು ಹೊರತೆಗೆದು ನೋಡುವವರು ವಿರಳ. ಸರ್ವಿಸ್ ಆದ ಬಳಿಕ ಎಣ್ಣೆಯ ಮಟ್ಟವನ್ನು ವಾಹನದ ಒಡೆಯರೇ ನೋಡತಕ್ಕದ್ದು, ಮನೆಯಲ್ಲಿ ವಿಜ್ಞಾನ ಓದುವ ವಿದ್ಯಾರ್ಥಿಯಿದ್ದರೆ ಈ ಕೆಲಸ ಆತನದು ಅಥವಾ ಆಕೆಯದು ಆಗಬೇಕು ಎಂಬುದು ಈ ಲೇಖನದ ವಾದ.

ಎಣ್ಣೆಯು ಎಂಜಿನ್ನಿನೊಳಗೆ ಮಾಡುವ ಕೆಲಸವೇನು? ಜಾರುವಂತೆ ಮಾಡುವುದು ಎಂದರೆ ಉತ್ತರ ಅರ್ಧ ಮಾತ್ರ. 1883ರ ಸುಮಾರಿಗೆ ಇಂಗ್ಲೆಂಡಿನ ಬೋಷಾಂ ಟವರ್ ಎಂಬ ಎಂಜಿನಿಯರನು ರೈಲುಗಾಡಿಯ ಅಚ್ಚುಗಳ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದನು. ಬೇರಿಂಗಿನ ಮೇಲ್ಭಾಗದಲ್ಲಿ ಎಣ್ಣೆ ಹಾಕಲೆಂದು ಕೊರೆದ ರಂಧ್ರದಿಂದ, ಅಚ್ಚು ತಿರುಗತೊಡಗಿದೊಡನೆ, ಎಣ್ಣೆಯು ಹೊರಕ್ಕೆ ಉಕ್ಕಿತು. ರಂಧ್ರಕ್ಕೆ ಬೆಣೆ ಹೊಡೆದರೆ ಬೆಣೆಯೂ ಹೊರಬಂದಿತು. ಒತ್ತಡಮಾಪಕವನ್ನು ಜೋಡಿಸಿ ನೋಡಿದಾಗ ಅದು ಚದರ ಅಂಗುಲಕ್ಕೆ 200 ಪೌಂಡಿಗೂ ಮೀರಿದ ಒತ್ತಡವನ್ನು ತೋರಿಸಿತು. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಇದರ ಗಣಿತವನ್ನು ವಿವರಿಸಿದನು. ತಿರುಗುವ ದಂಡವು ತನ್ನ ಮೈಗಂಟಿದ ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿಗೆ ಎಳೆದೊಯ್ಯುತ್ತದೆ. ಎಣ್ಣೆಯ ಸ್ನಿಗ್ಧತೆಯಿಂದಾಗಿ ಅಲ್ಲಿ ಒತ್ತಡ ಹುಟ್ಟುತ್ತದೆ. ಆ ಒತ್ತಡವೇ ದಂಡವನ್ನು ಎತ್ತಿ ಹಿಡಿಯುತ್ತದೆ. ಎಂದರೆ, ಸರಿಯಾಗಿ ನಡೆಯುವ ಎಂಜಿನ್ನಿನಲ್ಲಿ ಲೋಹವು ಲೋಹದ ಮೇಲೆ ಉಜ್ಜುವುದಿಲ್ಲ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ಅಳೆಯಬೇಕಾದಷ್ಟು ತೆಳುವಾದ ಎಣ್ಣೆಯ ಪೊರೆಯ ಮೇಲೆ ಅದು ತೇಲುತ್ತದೆ.

ಎಣ್ಣೆಯು ತೀರ ಕಡಮೆಯಾದರೆ ಪಂಪು ಎಣ್ಣೆಯ ಬದಲು ಗಾಳಿಯನ್ನು ಹೀರಿಕೊಳ್ಳುತ್ತದೆ, ಪೊರೆ ಹರಿಯುತ್ತದೆ. ನಿಮಿಷಕ್ಕೆ 3000 ಸುತ್ತು, ಅಂದರೆ ಸೆಕೆಂಡಿಗೆ 50 ಸುತ್ತು ತಿರುಗುವ ದಂಡವು ಅಲ್ಪಕಾಲದಲ್ಲಿಯೇ ಕಾದು ಬೇರಿಂಗನ್ನು ಕಚ್ಚಿಕೊಳ್ಳಬಹುದು. ಬಳ್ಳಾರಿ ರಸ್ತೆಯಲ್ಲಿ ವೇಗವಾಗಿ ಸಾಗುತ್ತಿರುವ ಗೇರಿನ ಬೈಕಿನ ಎಂಜಿನ್ ಹೀಗೆ ಬಿಗಿದುಕೊಂಡರೆ ಹಿಂದಿನ ಚಕ್ರವೇ ತಿರುಗದೆ ನಿಲ್ಲಬಹುದು. ಆಗ ಅಪಾಯಕ್ಕೀಡಾಗುವುದು ಸವಾರನ ಪ್ರಾಣ. ಎಣ್ಣೆ ಹೆಚ್ಚಾದರೂ ಕ್ಷೇಮವಿಲ್ಲ. ತಿರುಗುವ ಭಾಗಗಳು ಎಣ್ಣೆಯನ್ನು ಕಡೆದು ನೊರೆ ಮಾಡುತ್ತವೆ. ನೊರೆಯಲ್ಲಿರುವ ಗಾಳಿಯು ಕುಗ್ಗುತ್ತದೆಯಾದುದರಿಂದ ಅದು ಭಾರವನ್ನು ಎಣ್ಣೆಯಂತೆ ಹೊರಲಾರದು.

ಒಳ್ಳೆಯ ಕಾರ್ಯಾಗಾರದಲ್ಲಿಯೂ ಮಟ್ಟವು ತಪ್ಪುವುದು ಹೇಗೆ? ಇದಕ್ಕೆ ಯಾರ ದುರುದ್ದೇಶವೂ ಬೇಕಿಲ್ಲ. ಎಣ್ಣೆಯೊಡನೆ ಶೋಧಕವನ್ನೂ ಬದಲಾಯಿಸಿದಾಗ, ಹೊಸ ಶೋಧಕವು ಮೊದಲ ಓಟದಲ್ಲಿ ತನ್ನ ಪಾಲಿನ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಎಂಜಿನ್ ಓಡಿಸುವ ಮೊದಲು ಸರಿಯಾಗಿ ಕಂಡ ಮಟ್ಟವು ಆಮೇಲೆ ಇಳಿದಿರುತ್ತದೆ. ಅನೇಕ ಸಣ್ಣ ಸ್ಕೂಟರುಗಳಿಗೆ ಒಂದು ಲೀಟರಿಗಿಂತ ಕಡಮೆ ಎಣ್ಣೆ ಸಾಕು. ಸೀಸೆಯನ್ನು ಪೂರ್ತಿ ಬರಿದು ಮಾಡಿದರೆ ಮಟ್ಟ ಮೀರುತ್ತದೆ. ಹಳೆಯ ಎಣ್ಣೆ ಪೂರ್ಣವಾಗಿ ಇಳಿಯದೆ ಉಳಿದಿದ್ದರೂ ಹೀಗೆಯೇ ಆಗುತ್ತದೆ. ತಳದ ತಿರುಪಿನ ಬಿಲ್ಲೆ ಸವೆದಿದ್ದರೆ ಎಣ್ಣೆಯು ಹನಿಹನಿಯಾಗಿ ಸೋರುತ್ತದೆ.

ಸಣ್ಣ ಬಿಲ್ಲೆಯೊಂದು ಎಷ್ಟು ದೊಡ್ಡ ಅನಾಹುತಕ್ಕೆ ಎಡೆಗೊಡಬಲ್ಲುದೆಂಬುದಕ್ಕೆ ವಿಮಾನಯಾನದ ಚರಿತ್ರೆಯಲ್ಲಿ ಒಂದು ನಿದರ್ಶನವಿದೆ. 1983ನೆಯ ಇಸವಿ ಮೇ 5ರಂದು ಈಸ್ಟರ್ನ್ ಏರ್‌ಲೈನ್ಸ್ ಸಂಸ್ಥೆಯ ಮೂರು ಎಂಜಿನ್ನುಗಳ ಜೆಟ್ ವಿಮಾನವೊಂದು 172 ಮಂದಿಯನ್ನು ಹೊತ್ತು ಅಮೆರಿಕದ ಮಯಾಮಿಯಿಂದ ಬಹಾಮಾ ದ್ವೀಪಗಳ ನಸ್ಸಾವಿಗೆ ಹೊರಟಿತು. ಹಾರಾಟಕ್ಕೆ ಮುಂಚೆ ಅದರ ಎಂಜಿನ್ನುಗಳ ಎಣ್ಣೆಯಲ್ಲಿ ಲೋಹದ ಚೂರುಗಳನ್ನು ಪತ್ತೆ ಹಚ್ಚುವ ಬಿರಟೆಗಳನ್ನು ಬದಲಾಯಿಸಿದ್ದರು. ಹೊಸ ಬಿರಟೆಗಳಿಗೆ ರಬ್ಬರಿನ ಉಂಗುರಗಳು ಮೊದಲೇ ಜೋಡಿಸಿರುತ್ತವೆಂದು ಕೆಲಸಗಾರರು ಭಾವಿಸಿದರು, ಅವು ಇರಲಿಲ್ಲ. ಸಮುದ್ರದ ಮೇಲೆ ಮೂರು ಎಂಜಿನ್ನುಗಳ ಎಣ್ಣೆಯೂ ಸೋರಿಹೋಯಿತು. ಮೂರು ಮಾಪಕಗಳೂ ಒಮ್ಮೆಗೇ ಸೊನ್ನೆ ತೋರಿಸಿದಾಗ, ಮಾಪಕಗಳೇ ಕೆಟ್ಟಿರಬೇಕೆಂದು ಚಾಲಕರು ಎಣಿಸಿದರು. ಒಂದು ಎಂಜಿನ್ನನ್ನು ಅವರು ಮುಂಚೆಯೇ ನಿಲ್ಲಿಸಿದ್ದರು. ಉಳಿದೆರಡೂ ತಾವಾಗಿ ನಿಂತಮೇಲೆ ಅದನ್ನೇ ಪುನಃ ಚಾಲೂ ಮಾಡಿ ಮಯಾಮಿಗೆ ಮರಳಿದರು. ಎಲ್ಲರೂ ಬದುಕಿದರು. ಕೆಲಸದ ಬಳಿಕ ಎಂಜಿನ್ನನ್ನು ತಿರುಗಿಸಿ ಸೋರಿಕೆ ನೋಡುವ ಪರೀಕ್ಷೆಯೂ ನಡೆದಿತ್ತು; ಆದರೆ ಕೆಲವೇ ಸೆಕೆಂಡುಗಳ ಆ ಪರೀಕ್ಷೆಯಲ್ಲಿ ದೋಷವು ಹೊರಬೀಳಲಿಲ್ಲ. ಆದುದರಿಂದ ಕಾರ್ಯಾಗಾರದ ಅಂಗಳದಲ್ಲಿ ಒಮ್ಮೆ ನೋಡಿದರೆ ಸಾಲದು. ವಾಹನವು ಸ್ವಲ್ಪ ದೂರ ಓಡಿದ ಮೇಲೆ, ಮರುದಿನ, ಇನ್ನೊಮ್ಮೆ ನೋಡಬೇಕು.

‘ಹಣ ಕೊಟ್ಟ ಮೇಲೆ ನಾವೇಕೆ ನೋಡಬೇಕು? ಇದು ಕೆಲಸಗಾರನಿಗೆ ಮಾಡುವ ಅವಮಾನವಲ್ಲವೆ?’ ಎಂದು ಕೆಲವರು ಆಕ್ಷೇಪಿಸಬಹುದು. ಹೆಬ್ಬಾಳದಿಂದ ಯಲಹಂಕಕ್ಕೆ ಹೋಗುವ ದಾರಿಯಲ್ಲಿ ಜಕ್ಕೂರಿನ ವಿಮಾನ ನಿಲ್ದಾಣವಿದೆ. ಸರಕಾರದ ವೈಮಾನಿಕ ತರಬೇತಿ ಶಾಲೆಯಿರುವುದು ಅಲ್ಲಿಯೇ. ಪಿಸ್ಟನ್ ಎಂಜಿನ್ನಿನ ಪುಟ್ಟ ವಿಮಾನವನ್ನು ಹಾರಿಸಲು ಕಲಿಯುವ ವಿದ್ಯಾರ್ಥಿಗೆ ಜಗತ್ತಿನ ಎಲ್ಲೆಡೆಯೂ ಮೊದಲು ಕಲಿಸುವ ಪಾಠಗಳಲ್ಲಿ ಒಂದು, ಹಾರುವ ಮುನ್ನ ಎಣ್ಣೆಯ ಅಳತೆಗೋಲನ್ನು ಸ್ವತಃ ತೆಗೆದು ನೋಡುವುದು. ವಿಮಾನವು ಸರಿಯಾಗಿದೆಯೆಂದು ಎಂಜಿನಿಯರನು ಸಹಿ ಮಾಡಿದ್ದರೂ ಈ ಪಾಠ ತಪ್ಪುವುದಿಲ್ಲ. ಇದರಿಂದ ಅಲ್ಲಿ ಯಾರೂ ಅವಮಾನಗೊಳ್ಳುವುದಿಲ್ಲ. ಒಬ್ಬನ ಕಣ್ಣು ತಪ್ಪಿದುದನ್ನು ಮತ್ತೊಬ್ಬನ ಕಣ್ಣು ಹಿಡಿಯಲೆಂದೇ ಈ ಏರ್ಪಾಡು.

‘ಅಪಾಯವಾದರೆ ಕೆಂಪು ದೀಪ ಹೊತ್ತಿಕೊಳ್ಳುತ್ತದಲ್ಲ’ ಎಂಬುದು ಇನ್ನೊಂದು ಆಕ್ಷೇಪ. ಬಹುಪಾಲು ವಾಹನಗಳಲ್ಲಿ ಆ ದೀಪವು ತಿಳಿಸುವುದು ಎಣ್ಣೆಯ ಒತ್ತಡವನ್ನು, ಮಟ್ಟವನ್ನಲ್ಲ. ಒತ್ತಡವು ಕುಸಿದು ದೀಪ ಹೊತ್ತುವ ಹೊತ್ತಿಗೆ ಪೊರೆಯು ಹರಿಯತೊಡಗಿರಬಹುದು. ಅನೇಕ ಸ್ಕೂಟರುಗಳಲ್ಲಿ ಆ ದೀಪವೇ ಇಲ್ಲ. ನಮ್ಮ ಊರಿನ ಸಂಚಾರದ ಸ್ಥಿತಿಯನ್ನೂ ನೆನೆಯಬೇಕು. ಹೆಬ್ಬಾಳದ ಮೇಲ್ಸೇತುವೆಯ ಬಳಿ ವಾಹನಗಳು ಸಾಲುಗಟ್ಟಿ ನಿಂತಾಗ ಓಡಿದ ದೂರದ ಅಂಕಿ ಮುಂದುವರಿಯುವುದಿಲ್ಲ, ಎಂಜಿನ್ ಮಾತ್ರ ತಿರುಗುತ್ತ ಕಾಯುತ್ತಿರುತ್ತದೆ. ಕಿಲೋಮೀಟರುಗಳ ಲೆಕ್ಕವೊಂದನ್ನೇ ನಂಬುವವರಿಗೆ ಎಣ್ಣೆಯ ನಿಜವಾದ ದುಡಿಮೆ ತಿಳಿಯದು.

ಪರೀಕ್ಷೆಯ ಕ್ರಮವು ಸುಲಭ, ಆದರೆ ಬ್ಯೂರೆಟ್ಟಿನ ಓದಿಕೆಯಲ್ಲಿರುವಷ್ಟೇ ಎಚ್ಚರ ಬೇಕು. ವಾಹನವು ಸಮತಟ್ಟಾದ ನೆಲದಲ್ಲಿರಲಿ. ದ್ವಿಚಕ್ರ ವಾಹನವನ್ನು ನೆಟ್ಟಗೆ ನಿಲ್ಲಿಸಬೇಕು. ಪಕ್ಕದ ಕಾಲಿನ ಮೇಲೆ ವಾಲಿದ್ದರೆ ಓದಿಕೆ ತಪ್ಪಾಗುತ್ತದೆ. ಎಂಜಿನ್ನನ್ನು ಕೆಲವು ನಿಮಿಷ ಓಡಿಸಿ, ನಿಲ್ಲಿಸಿ, ಮೇಲಣ ಭಾಗಗಳಿಗೆ ಅಂಟಿದ ಎಣ್ಣೆಯು ಕೆಳಗಿಳಿಯುವವರೆಗೆ ಕಾಯಬೇಕು. ಅಳತೆಗೋಲನ್ನು ತೆಗೆದು, ಶುಭ್ರವಾದ ಬಟ್ಟೆಯಿಂದ ಒರೆಸಿ, ಮತ್ತೆ ಇಳಿಸಿ, ಹೊರತೆಗೆದು ನೋಡಬೇಕು. ಎಣ್ಣೆಯ ಗುರುತು ಎರಡು ಗೆರೆಗಳ ನಡುವೆ ಇರತಕ್ಕದ್ದು. ಎಷ್ಟು ಹೊತ್ತು ಕಾಯಬೇಕು, ಗೋಲನ್ನು ತಿರುಪಿ ಅಳೆಯಬೇಕೋ ತಿರುಪದೆಯೋ ಎಂಬುದು ವಾಹನದಿಂದ ವಾಹನಕ್ಕೆ ಬೇರೆ; ತಯಾರಕರ ಕೈಪಿಡಿಯೇ ಇದಕ್ಕೆ ಪ್ರಮಾಣ. ಕೆಲವು ಬೈಕುಗಳಲ್ಲಿ ಗೋಲಿನ ಬದಲು ಗಾಜಿನ ಕಿಂಡಿಯಿರುತ್ತದೆ. ಎಣ್ಣೆಯ ಬಣ್ಣವನ್ನು ಮಾತ್ರ ನೋಡಿ ತೀರ್ಪು ಕೊಡಬಾರದು. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಎಣ್ಣೆಯೂ ಬೇಗನೆ ಕಪ್ಪಾಗುತ್ತದೆ.

ಸರ್ವಿಸ್ ಕೇಂದ್ರಗಳಿಗೂ ಒಂದು ಮಾತು ಸಲ್ಲಬೇಕು. ವಾಹನವನ್ನು ಒಪ್ಪಿಸುವಾಗ ಗಿರಾಕಿಯ ಎದುರಿನಲ್ಲಿಯೇ ಅಳತೆಗೋಲನ್ನು ತೆಗೆದು ತೋರಿಸಿ, ಹಾಕಿದ ಎಣ್ಣೆಯ ಪ್ರಮಾಣವನ್ನೂ ಕಂಡ ಮಟ್ಟವನ್ನೂ ಬಿಲ್ಲಿನಲ್ಲಿ ಬರೆಯುವುದು ಅವರಿಗೆ ಕಷ್ಟವಲ್ಲ. ಇದರಿಂದ ಪ್ರಾಮಾಣಿಕ ಕೆಲಸಗಾರನಿಗೇ ರಕ್ಷಣೆ ದೊರೆಯುತ್ತದೆ. ಇದನ್ನು ಕೇಳಿ ಪಡೆಯುವ ಹಕ್ಕು ಹಣ ತೆತ್ತವರಿಗೆ ಇದೆ.

ವಿದ್ಯಾರ್ಥಿಗಳು ಈ ತಿಂಗಳೇ ಮನೆಯ ವಾಹನದ ಕೈಪಿಡಿಯನ್ನು ಹುಡುಕಿ ತೆಗೆಯಲಿ. ಒಂದು ನೋಟುಪುಸ್ತಕದಲ್ಲಿ ತಾರೀಖು, ಓಡಿದ ಕಿಲೋಮೀಟರು, ಎಣ್ಣೆಯ ಮಟ್ಟ ಎಂಬ ಮೂರು ಕಲಮುಗಳನ್ನು ಗೆರೆ ಹಾಕಿ, ತಿಂಗಳಿಗೊಮ್ಮೆಯೂ ಪ್ರತಿಯೊಂದು ಸರ್ವಿಸಿನ ಮರುದಿನವೂ ತುಂಬಲಿ. ಮಟ್ಟವು ಕೆಳಗೆರೆಗಿಂತ ಇಳಿದಿದ್ದರೆ ಅದೇ ದರ್ಜೆಯ ಎಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಲಿ. ಮೇಲ್ಗೆರೆಯನ್ನು ಮೀರಿದ್ದರೆ ಬಿಲ್ಲಿನೊಡನೆ ಸರ್ವಿಸ್ ಕೇಂದ್ರಕ್ಕೆ ಹಿಂದಿರುಗಿ ತೆಗೆಸಲಿ. ಆರು ತಿಂಗಳಾಗುವಷ್ಟರಲ್ಲಿ ತಮ್ಮ ಎಂಜಿನ್ ಎಷ್ಟು ಎಣ್ಣೆಯನ್ನು ಉಣ್ಣುತ್ತದೆಂಬುದನ್ನು ಅವರು ಯಾರನ್ನೂ ಕೇಳದೆ ಹೇಳಬಲ್ಲರು.