ವಾಸದ ಲೆಕ್ಕ ವರ್ಷದಲ್ಲೋ, ದುಡ್ಡಿನಲ್ಲೋ?

2025ರ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಒಂದೇ ದಿನ ಎರಡು ಆದೇಶಗಳಿಗೆ ಸಹಿ ಹಾಕಿದರು. ಹೊಸದಾಗಿ ಎಚ್-1ಬಿ ವೀಸಾದ ಮೇಲೆ ಹೊರಗಿನಿಂದ ಕೆಲಸಗಾರರನ್ನು ಕರೆಸಿಕೊಳ್ಳುವ ಕಂಪನಿ 1 ಲಕ್ಷ ಡಾಲರ್ ಕಟ್ಟಬೇಕು ಅಂತ ಒಂದು. ಸರ್ಕಾರಕ್ಕೆ 10 ಲಕ್ಷ ಡಾಲರ್, ಅಂದರೆ ನಮ್ಮ ಎಂಟೂವರೆ ಕೋಟಿಗೂ ಮಿಕ್ಕಿ ಕಾಣಿಕೆ ಕೊಟ್ಟವರಿಗೆ ಕಾಯಂ ವಾಸದ ‘ಗೋಲ್ಡ್ ಕಾರ್ಡ್’ ಅಂತ ಇನ್ನೊಂದು. ದುಡಿಯಲು ಬರುವವರ ದಾರಿಯನ್ನು ಇಕ್ಕಟ್ಟು ಮಾಡಿದ್ದು, ದುಡ್ಡು ತರುವವರಿಗೆ ಹೆಬ್ಬಾಗಿಲು ತೆರೆದದ್ದು ಎರಡೂ ಒಂದೇ ದಿನ.

ಅಮೆರಿಕದಲ್ಲಿರುವ ಕನ್ನಡದ ಮನೆಗಳಲ್ಲಿ ಇದು ಹುಟ್ಟಿಸಿದ ಸಂಕಟ ಸಣ್ಣದಲ್ಲ. ಅಲ್ಲಿನ ಕಾನೂನಿನಂತೆ ಉದ್ಯೋಗದ ಆಧಾರದ ಗ್ರೀನ್ ಕಾರ್ಡ್‌ಗಳಲ್ಲಿ ಯಾವುದೇ ಒಂದು ದೇಶದವರಿಗೆ ಸಾಮಾನ್ಯವಾಗಿ ಶೇ 7ಕ್ಕಿಂತ ಹೆಚ್ಚು ಸಿಗುವುದಿಲ್ಲ. ಭಾರತದಿಂದ ಹೋದವರು ಲಕ್ಷಗಟ್ಟಲೆ ಇರುವುದರಿಂದ ಸರದಿ ಆಮೆಯಂತೆ ತೆವಳುತ್ತದೆ. ಪ್ರತಿ ತಿಂಗಳು ಹೊರಬರುವ ವೀಸಾ ಬುಲೆಟಿನ್‌ನಲ್ಲಿ ಉದ್ಯೋಗದ ಗ್ರೀನ್ ಕಾರ್ಡಿನ ‘ಇಬಿ-2’ ಸಾಲಿನ ಭಾರತದ ದಿನಾಂಕ 2025ರಲ್ಲೂ 2013ರ ಹತ್ತಿರವೇ ನಿಂತಿತ್ತು. ಹನ್ನೆರಡು ವರ್ಷದ ಹಿಂದೆ ಅರ್ಜಿ ಹಾಕಿದವರ ಪಾಳಿ ಆಗಷ್ಟೇ ಬರುತ್ತಿತ್ತು. ಈ ನಡುವೆ ಮಕ್ಕಳಿಗೆ 21 ತುಂಬಿದರೆ ಅವರು ಅಪ್ಪ-ಅಮ್ಮನ ಅರ್ಜಿಯಿಂದ ಹೊರಬೀಳುತ್ತಾರೆ. ಅಲ್ಲೇ ಶಾಲೆ ಕಲಿತು ಬೆಳೆದ ಹುಡುಗಿ ವಿದ್ಯಾರ್ಥಿ ವೀಸಾ ಹುಡುಕಿಕೊಂಡು ಓಡಾಡಬೇಕಾಗುತ್ತದೆ. ಗೋಲ್ಡ್ ಕಾರ್ಡ್‌ನವರನ್ನು ಕೂರಿಸುವುದೂ ಇದೇ ‘ಇಬಿ-1’, ‘ಇಬಿ-2’ ಸಾಲುಗಳಲ್ಲಿ ಅನ್ನುವುದು ಗೊತ್ತಾದಾಗ, ತೆರಿಗೆ ಕಟ್ಟುತ್ತ ಕಾದು ಕುಳಿತವರ ಹೊಟ್ಟೆ ಉರಿಯದೆ ಇದ್ದೀತೆ?

ಕೊಲ್ಲಿಯ ಮಾತು ಬೇರೆ. ಅಲ್ಲಿ ವರ್ಷಗಟ್ಟಲೆ ದುಡಿದರೂ ವೀಸಾ ಮಾಲೀಕರ ಕೈಯಲ್ಲಿ. ಕೆಲಸ ಹೋದ ದಿನ ವಾಸಕ್ಕೂ ಗಡುವು ಬೀಳುತ್ತದೆ. ಅದೇ ಯುಎಇಯಲ್ಲಿ 20 ಲಕ್ಷ ದಿರ್ಹಮ್ ಬೆಲೆಯ ಆಸ್ತಿ ಕೊಂಡವರಿಗೆ ಹತ್ತು ವರ್ಷದ ಗೋಲ್ಡನ್ ವೀಸಾ ಇದೆ. 2019ರಲ್ಲಿ ಗೋಲ್ಡನ್ ವೀಸಾ ಯೋಜನೆ ಬಂದಾಗ ಅಲ್ಲಿದ್ದ ನಮ್ಮವರಲ್ಲಿ ವ್ಯಾಪಾರಸ್ಥರು ಹಿಗ್ಗಿದರು, ಮೇಸ್ತ್ರಿ-ಡ್ರೈವರ್‌ಗಳಿಗೆ ಅದು ತಮ್ಮ ಸುದ್ದಿಯೇ ಆಗಿರಲಿಲ್ಲ. ಆದರೆ ಅದೇ ದುಬೈ 2025ರ ಮೇ ತಿಂಗಳಲ್ಲಿ ಇನ್ನೊಂದು ಕೆಲಸ ಮಾಡಿತು. ತನ್ನ ಸರ್ಕಾರಿ ಆರೋಗ್ಯ ಸಂಸ್ಥೆಯಲ್ಲಿ 15 ವರ್ಷಕ್ಕಿಂತ ಹೆಚ್ಚು ಸೇವೆ ಮಾಡಿದ ನರ್ಸ್‌ಗಳಿಗೂ ಗೋಲ್ಡನ್ ವೀಸಾ ಕೊಡುವುದಾಗಿ ಸಾರಿತು. ಆಸ್ತಿಯಿಲ್ಲದ, ರಾತ್ರಿ ಪಾಳಿ ಮಾಡಿದ ಹೆಣ್ಣುಮಕ್ಕಳಿಗೆ ಬರೀ ವರ್ಷಗಳ ಲೆಕ್ಕದ ಮೇಲೆ ಸಿಕ್ಕ ಹಕ್ಕು ಅದು. ನನಗೆ ಹಿಡಿಸಿದ್ದು ಈ ಲೆಕ್ಕ. ಯಾಕೆ ಅನ್ನುವುದಕ್ಕೆ ಉತ್ತರ ನಮ್ಮ ಕೊಪ್ಪಳ ಜಿಲ್ಲೆಯ ಮಣ್ಣಿನಲ್ಲೇ ಇದೆ.

ಗಂಗಾವತಿಯಿಂದ ಕಾರಟಗಿ ಕಡೆಗೆ ಬಸ್ಸಿನಲ್ಲಿ ಹೋಗುವವರು ಊರಿನ ಹೆಸರುಗಳನ್ನು ಗಮನಿಸಿರಬಹುದು. ಹೆಸರಿನ ಕೊನೆಗೆ ‘ಕ್ಯಾಂಪ್’ ಅಂಟಿಕೊಂಡ ಊರುಗಳು ಕಾಲುವೆಯ ಉದ್ದಕ್ಕೂ ಇವೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಎಡದಂಡೆಗೆ ಹರಿದ ಮೇಲೆ ಹುಟ್ಟಿದ ಊರುಗಳಿವು. ಜೋಳ, ಸಜ್ಜೆ, ಹತ್ತಿ ಬೆಳೆಯುತ್ತಿದ್ದ ನಮ್ಮ ರೈತರಿಗೆ ನೀರಾವರಿ ಹೊಸತು. ಎರಿ ಹೊಲಕ್ಕೆ ನೀರು ಬಿಟ್ಟರೆ ಭೂಮಿ ಕೆಡುತ್ತದೆ ಎಂದು ಅಂಜಿದವರೂ ಇದ್ದರು, ಕೈಯಲ್ಲಿ ಬಂಡವಾಳವಿಲ್ಲದವರೂ ಇದ್ದರು. ಆಗ ಕರಾವಳಿ ಆಂಧ್ರದಿಂದ, ಗೋದಾವರಿ-ಕೃಷ್ಣಾ ಸೀಮೆಯಿಂದ ರೈತರು ಬಂದರು. ಅಲ್ಲಿನ ಒಂದು ತುಂಡು ಜಮೀನು ಮಾರಿದ ದುಡ್ಡಿನಲ್ಲಿ ಇಲ್ಲಿ ಎಷ್ಟೋ ಪಟ್ಟು ಹೊಲ ಸಿಗುತ್ತಿತ್ತು. ಕೊಂಡರು, ಮಡಿ ಕಟ್ಟಿದರು, ಭತ್ತ ನಾಟಿ ಮಾಡಿದರು. ಗಂಗಾವತಿ ಭತ್ತದ ಕಣಜವಾಯಿತು. ಕಾರಟಗಿಯ ತುಂಬ ರೈಸ್ ಮಿಲ್‌ಗಳು ಎದ್ದವು, ಸೋನಾ ಮಸೂರಿ ದೂರದೂರಿಗೆ ಹೋಯಿತು.

ಇದರಲ್ಲಿ ಲಾಭವೂ ಇದೆ, ನೋವೂ ಇದೆ, ಎರಡನ್ನೂ ಹೇಳಬೇಕು. ಅಗ್ಗಕ್ಕೆ ಹೊಲ ಮಾರಿಕೊಂಡವರಲ್ಲಿ ಎಷ್ಟೋ ಜನ ತಮ್ಮದೇ ಆಗಿದ್ದ ಹೊಲಕ್ಕೆ ಕೂಲಿಗೆ ಹೋದರು, ಇಲ್ಲವೇ ಲಾವಣಿಗೆ ಹಿಡಿದರು. ಎಡದಂಡೆ ಕಾಲುವೆಯ ಲೆಕ್ಕ ಬಹುಪಾಲು ಅರೆ ನೀರಾವರಿ ಬೆಳೆಗಳದ್ದು. ಮೇಲ್ಭಾಗದಲ್ಲಿ ಭತ್ತ ನೀರು ಕುಡಿದಷ್ಟೂ ಕೆಳಗೆ ಮಾನ್ವಿ, ಸಿರವಾರದ ಕೊನೆಭಾಗದ ರೈತ ಕಾಲುವೆಯ ಒಣಮಣ್ಣು ನೋಡುತ್ತ ನಿಂತ. ಈ ಜಗಳ ಇವತ್ತಿಗೂ ಮುಗಿದಿಲ್ಲ.

ಆದರೂ ಕ್ಯಾಂಪಿನವರನ್ನು ಇವತ್ತು ಯಾರಾದರೂ ಹೊರಗಿನವರು ಅಂದರೆ ನಾನು ಒಪ್ಪುವುದಿಲ್ಲ. ಅವರು ಹಣ ತಂದದ್ದು ನಿಜ. ಆದರೆ ಹಣದ ಜತೆ ತಾವೂ ಬಂದರು, ಹೆಂಡತಿ ಮಕ್ಕಳನ್ನು ಕರಕೊಂಡು ಬಂದರು, ಕಾಲುವೆ ದಂಡೆಯ ಗುಡಿಸಲಿನಲ್ಲಿ ಸೊಳ್ಳೆ ಕಡಿಸಿಕೊಂಡು ಬಾಳಿದರು. ಶ್ರೀರಾಮನಗರದಂಥ ಊರು ಕಟ್ಟಿದರು. ಮೂರನೆಯ ತಲೆಮಾರು ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುತ್ತ ಬೆಳೆದಿದೆ. ಪಂಚಾಯಿತಿಗೆ ನಿಲ್ಲುತ್ತದೆ, ಗೆಲ್ಲುತ್ತದೆ, ಸೋಲುತ್ತದೆ. ಬೆಳೆ ಕೈಕೊಟ್ಟ ವರ್ಷ ಇಲ್ಲೇ ಸಾಲ ಮಾಡಿ ಇಲ್ಲೇ ತೀರಿಸುತ್ತದೆ. ಅವರನ್ನು ಈ ನೆಲದವರನ್ನಾಗಿ ಮಾಡಿದ್ದು ಕ್ರಯಪತ್ರವಲ್ಲ, ಈ ಎಪ್ಪತ್ತು ವರ್ಷ.

ಇದನ್ನು ಯುರೋಪಿನ ಗೋಲ್ಡನ್ ವೀಸಾಗಳ ಪಕ್ಕಕ್ಕೆ ಇಟ್ಟು ನೋಡಿ. ಪೋರ್ಚುಗಲ್ 2012ರಲ್ಲಿ ಶುರು ಮಾಡಿದ ಯೋಜನೆಯಲ್ಲಿ ಮನೆ ಕೊಂಡ ಹೊರದೇಶದವರು ಅಲ್ಲಿ ವರ್ಷಕ್ಕೆ ಸರಾಸರಿ ಏಳು ದಿನ ಇದ್ದರೆ ಸಾಕಿತ್ತು. ಉಳಿದ ದಿನ ಮನೆಗೆ ಬೀಗ. ಲಿಸ್ಬನ್‌ನಲ್ಲಿ ಬಾಡಿಗೆ ಏರಿ ಅಲ್ಲೇ ಹುಟ್ಟಿದವರಿಗೆ ಮನೆ ಸಿಗದಂತಾದಾಗ ಜನ ಬೀದಿಗಿಳಿದರು. 2023ರಲ್ಲಿ ಆಸ್ತಿ ಖರೀದಿಯ ಬಾಗಿಲನ್ನು ಸರ್ಕಾರವೇ ಮುಚ್ಚಿತು. 5 ಲಕ್ಷ ಯೂರೋದ ಆಸ್ತಿಗೆ ವಾಸದ ಹಕ್ಕು ಕೊಡುತ್ತಿದ್ದ ಸ್ಪೇನ್ 2025ರ ಏಪ್ರಿಲ್‌ನಲ್ಲಿ ಅದನ್ನು ನಿಲ್ಲಿಸಿತು. ಅದೇ ತಿಂಗಳು ಮಾಲ್ಟಾ ದೇಶ ದುಡ್ಡಿಗೆ ಪೌರತ್ವ ಕೊಡುವುದು ತಪ್ಪು ಎಂದು ಯುರೋಪಿನ ನ್ಯಾಯಾಲಯ ತೀರ್ಪಿತ್ತಿತು. ಒಬ್ಬೊಬ್ಬರಾಗಿ ಅವರು ಕೈ ತೊಳೆದುಕೊಳ್ಳುತ್ತಿರುವ ಹೊತ್ತಿಗೆ ಅಮೆರಿಕ ಅಂಗಡಿ ತೆರೆದಿದೆ.

ನಮ್ಮ ದೇಶದಲ್ಲೂ ಇಂಥದೊಂದು ಯೋಜನೆ ಇದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 2016ರ ಆಗಸ್ಟ್ 31ರಂದು ಕೇಂದ್ರ ಸಂಪುಟ ವಿದೇಶಿ ಹೂಡಿಕೆದಾರರಿಗೆ ಕಾಯಂ ವಾಸದ ಸ್ಥಾನಮಾನ ಕೊಡಲು ಒಪ್ಪಿತು. 18 ತಿಂಗಳಲ್ಲಿ 10 ಕೋಟಿ ಅಥವಾ 36 ತಿಂಗಳಲ್ಲಿ 25 ಕೋಟಿ ರೂಪಾಯಿ ಹೂಡಬೇಕು, ವರ್ಷಕ್ಕೆ ಕನಿಷ್ಠ 20 ಭಾರತೀಯರಿಗೆ ಕೆಲಸ ಕೊಡಬೇಕು. ಹಾಗಾದರೆ ಹತ್ತು ವರ್ಷ ವಾಸ, ಮುಂದೆ ಇನ್ನೂ ಹತ್ತು. ವಾಸಕ್ಕೆ ಒಂದು ಮನೆ ಕೊಳ್ಳಬಹುದು, ಗಂಡ ಅಥವಾ ಹೆಂಡತಿ ಕೆಲಸ ಮಾಡಬಹುದು, ಮಕ್ಕಳು ಓದಬಹುದು. ಕೆಲಸ ಕೊಡಬೇಕೆಂಬ ಷರತ್ತು ಹಾಕಿದ್ದು ಒಳ್ಳೆಯದೇ. ಕುಷ್ಟಗಿ, ಯಲಬುರ್ಗಾದಂಥ ಮಳೆಯಾಶ್ರಿತ ತಾಲ್ಲೂಕಿನವರಿಗೆ 20 ಕೆಲಸದ ಬೆಲೆ ಗೊತ್ತು. ಭಾನಾಪುರದ ಆಟಿಕೆ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದಾಗ ಸುತ್ತಲಿನ ಹಳ್ಳಿಗಳಲ್ಲಿ ಎಷ್ಟು ಆಸೆ ಚಿಗುರಿತೆಂದು ಕಂಡವರು ನಾವು. ಬಂಡವಾಳ ಬೇಡ ಅನ್ನುವ ಮಾತು ನನ್ನದಲ್ಲ.

ನನ್ನ ತಕರಾರು, ವಾಸದ ಹಕ್ಕಿಗೆ ಅದೊಂದೇ ಅಳತೆಗೋಲು ಆಗಿರುವುದಕ್ಕೆ. ಆನೆಗೊಂದಿಯ ಕಡೆ ಬನ್ನಿ. ಹೊಳೆಯಾಚೆಯ ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅದಕ್ಕೂ ಮೊದಲೇ, 1980ರಿಂದ, ಜಾರ್ಜ್ ಮಿಶೆಲ್ ಮತ್ತು ಜಾನ್ ಫ್ರಿಟ್ಜ್ ಎಂಬ ಇಬ್ಬರು ವಿದೇಶಿ ವಿದ್ವಾಂಸರು ಎರಡು ದಶಕಕ್ಕೂ ಮೀರಿ ವರ್ಷ ವರ್ಷ ಬಂದು ವಿಜಯನಗರದ ಅವಶೇಷಗಳನ್ನು ಅಳೆದು, ನಕ್ಷೆ ತೆಗೆದು, ದಾಖಲಿಸಿದರು. ಆಮೇಲೆ ಬೆನ್ನಿಗೆ ದಪ್ಪ ಹಾಸಿಗೆ ಕಟ್ಟಿಕೊಂಡು ಬಂಡೆ ಹತ್ತುವ ಹುಡುಗ ಹುಡುಗಿಯರು ಬಂದರು. 2003ರಲ್ಲಿ ಅಮೆರಿಕದ ಹೆಸರಾಂತ ಬಂಡೆ ಏರುಗ ಕ್ರಿಸ್ ಶರ್ಮಾ ಇಲ್ಲಿ ಏರಿದ್ದರ ಮೇಲೆ ಚಿತ್ರವೇ ಬಂತು. ವಿರೂಪಾಪುರ ಗಡ್ಡಿಯಲ್ಲಿ ಗದ್ದೆಯ ನಡುವೆ ಗೆಸ್ಟ್‌ಹೌಸ್‌ಗಳು ಎದ್ದು, ಊಟದ ಪಟ್ಟಿಯಲ್ಲಿ ಹೀಬ್ರೂ ಅಕ್ಷರ ಕಾಣಿಸಿಕೊಂಡಿತು. ಸೈನ್ಯದ ಕಡ್ಡಾಯ ಸೇವೆ ಮುಗಿಸಿ ಬರುವ ಇಸ್ರೇಲಿ ಯುವಕರು ಅಷ್ಟು ಜನ. ಹರಿಗೋಲಿನವರು, ಮೊಪೆಡ್ ಬಾಡಿಗೆಗೆ ಕೊಡುವವರು, ಅಡುಗೆ ಮಾಡುವವರು ಬದುಕಿದ್ದು ಈ ಬಡ ಪ್ರವಾಸಿಗಳಿಂದ. ಇವರಲ್ಲಿ ಹತ್ತು ಕೋಟಿ ತರುವವರು ಯಾರಿದ್ದರು?

ಪರಂಪರೆಯ ಪ್ರದೇಶದಲ್ಲಿ ಕಟ್ಟಿದ ಆ ಗೆಸ್ಟ್‌ಹೌಸ್‌ಗಳು ಅಕ್ರಮವೆಂದು 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಮಾರ್ಚ್‌ನಲ್ಲಿ ಜೆಸಿಬಿ ಬಂತು. ತೀರ್ಪು ಸರಿಯಾದದ್ದೇ. ಆದರೆ ಅದೇ ತಿಂಗಳು ಲಾಕ್‌ಡೌನ್ ಬಿದ್ದು, ಅಲ್ಲಿ ದುಡಿಯುತ್ತಿದ್ದವರು ಎರಡು ಏಟು ಒಟ್ಟಿಗೆ ತಿಂದರು. ಪ್ರವಾಸಿಗಳು ಸಾಣಾಪುರ, ಆನೆಗೊಂದಿಯ ಹೋಮ್‌ಸ್ಟೇಗಳತ್ತ ಸರಿದರು. 2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆಯ ಬಳಿ ಇಸ್ರೇಲಿನ ಪ್ರವಾಸಿ ಮಹಿಳೆ ಮತ್ತು ಹೋಮ್‌ಸ್ಟೇ ನಡೆಸುತ್ತಿದ್ದ ಹೆಣ್ಣುಮಗಳ ಮೇಲೆ ನಡೆದ ಅತ್ಯಾಚಾರ, ಒಡಿಶಾದ ಯುವಕನ ಸಾವು ಇಡೀ ಜಿಲ್ಲೆಯನ್ನು ತಲೆತಗ್ಗಿಸುವಂತೆ ಮಾಡಿತು. ವಿದೇಶಿಯರನ್ನು ಸೆಳೆಯಲು ಯಾವ ಚಿನ್ನದ ಕಾರ್ಡೂ ಬೇಡ, ಕಾಲುವೆ ದಂಡೆಗೆ ಬೀದಿದೀಪ ಮತ್ತು ರಾತ್ರಿ ಪೊಲೀಸ್ ಗಸ್ತು ಮೊದಲು ಬೇಕು.

ಹೋಮ್‌ಸ್ಟೇಯವರನ್ನು ಕೇಳಿದರೆ ಇನ್ನೊಂದು ಮುಖ ತಿಳಿಯುತ್ತದೆ. ವಿದೇಶಿ ಅತಿಥಿ ಬ್ಯಾಗು ಇಳಿಸುತ್ತಲೇ ಪಾಸ್‌ಪೋರ್ಟ್ ತೆಗೆದುಕೊಂಡು, ವೀಸಾ ನಂಬರು, ಬಂದ ಊರು, ಹೋಗುವ ಊರು ಎಲ್ಲ ತುಂಬಿ, ಎಲ್ಲರೂ ‘ಫಾರಂ ಸಿ’ ಎಂದು ಕರೆಯುವ ಮಾಹಿತಿಯನ್ನು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಕಳಿಸಬೇಕು. ಭದ್ರತೆಗೆ ಇದು ಬೇಕೇ ಬೇಕು. ಆದರೆ ಇ-ಪ್ರವಾಸಿ ವೀಸಾದಲ್ಲಿ ವರ್ಷಕ್ಕೆ 180 ದಿನ ದಾಟುವಂತಿಲ್ಲ. ಇಲ್ಲಿನ ಶಾಲೆಗೆ ಬಂದು ಪಾಠ ಹೇಳಬಯಸುವ ವಿದೇಶಿ ಮೇಷ್ಟ್ರು, ಬಾಳೆನಾರಿನ ಕಸುಬು ಕಲಿತು ಇಲ್ಲೇ ನಿಲ್ಲಬಯಸುವ ಕುಶಲಕರ್ಮಿ, ಇಪ್ಪತ್ತು ವರ್ಷದಿಂದ ಬಂದು ಹೋಗುತ್ತಿರುವ ಸಂಶೋಧಕ, ಇಂಥವರಿಗೆ ಕಾಯಂ ವಾಸದ ದಾರಿಯೇ ಇಲ್ಲ. ಹತ್ತು ಕೋಟಿಯವರಿಗೆ ಇದೆ.

ಹಣ ಹೂಡುವವರು ಬೇರೆ, ಹೊಗೆ ಕುಡಿಯುವವರು ಬೇರೆ ಎಂಬುದನ್ನು ಕೊಪ್ಪಳದವರಿಗೆ ಯಾರೂ ಕಲಿಸಬೇಕಿಲ್ಲ. ಗಿಣಿಗೇರಾ, ಹಿರೇಬಗನಾಳದ ಮನೆಗಳ ಕಿಟಕಿಯ ಮೇಲೆ ಬೆರಳಾಡಿಸಿದರೆ ಕರಿ ಧೂಳು. ನಗರದ ಪಕ್ಕದಲ್ಲೇ ₹54,000 ಕೋಟಿಯ ಉಕ್ಕಿನ ಕಾರ್ಖಾನೆ ಬರುತ್ತದೆಂದು ತಿಳಿದಾಗ, 2025ರ ಫೆಬ್ರುವರಿಯಲ್ಲಿ ಗವಿಮಠದ ಶ್ರೀಗಳೇ ಜನರ ಜತೆ ಬೀದಿಗಿಳಿದರು. ಅದು ವಿದೇಶಿ ಬಂಡವಾಳವೂ ಅಲ್ಲ. ಆದರೂ ಅಂದಿನ ಪ್ರಶ್ನೆ ಇದೇ ಆಗಿತ್ತು: ಈ ಊರಿನ ಬಗ್ಗೆ ತೀರ್ಮಾನ ಮಾಡುವ ಹಕ್ಕು ಇಲ್ಲಿ ಹೂಡಿದವರದೋ, ಇಲ್ಲಿ ಉಸಿರಾಡುವವರದೋ?

ವರ್ಷದಿಂದ ವಾಸವನ್ನು ಅಳೆಯುವುದು ನಮಗೆ ಹೊಸದೂ ಅಲ್ಲ. ನಾವು ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ, 1919ರಲ್ಲಿ, ನಿಜಾಮರು ಹೊರಡಿಸಿದ ಮುಲ್ಕಿ ಆದೇಶದಲ್ಲಿ ಹುಟ್ಟಿನಿಂದ ಸ್ಥಳೀಯನಲ್ಲದವನೂ 15 ವರ್ಷ ವಾಸವಿದ್ದರೆ ಮುಲ್ಕಿಯಾಗಿ ಸರ್ಕಾರಿ ನೌಕರಿಗೆ ಅರ್ಹನಾಗಬಹುದಿತ್ತು. ಇವತ್ತು ನಮ್ಮ ಮಕ್ಕಳು ತಹಶೀಲ್ದಾರ್ ಕಚೇರಿಯಲ್ಲಿ ಪಾಳಿ ಹಚ್ಚಿ ಪಡೆಯುವ ಸಂವಿಧಾನದ 371(ಜೆ) ವಿಧಿಯ ಸ್ಥಳೀಯ ಮೀಸಲಾತಿ ಪ್ರಮಾಣಪತ್ರದಲ್ಲೂ ಹುಟ್ಟು ಅಥವಾ ಹತ್ತು ವರ್ಷದ ವಾಸವೇ ಲೆಕ್ಕ. ಕೋಟ್ಯಧಿಪತಿ ಎಂದು ಯಾರಿಗೂ ಒಂದು ವರ್ಷ ಕಡಿಮೆ ಮಾಡುವುದಿಲ್ಲ. ಇಂಥ ಲೆಕ್ಕ ಕೈತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಸಿಂಧನೂರು ತಾಲ್ಲೂಕಿನ ನಿರಾಶ್ರಿತರ ಆರ್‌.ಎಚ್. ಕ್ಯಾಂಪ್‌ಗಳಿವೆ. ಪೂರ್ವ ಪಾಕಿಸ್ತಾನದಿಂದ ಬರಿಗೈಲಿ ಬಂದ ಬಂಗಾಳಿ ಕುಟುಂಬಗಳಲ್ಲಿ ಕೆಲವರಿಗೆ ಪೌರತ್ವದ ಪತ್ರ ಕೈಸೇರಿದ್ದು 2024ರಲ್ಲಿ. ಅರ್ಧ ಶತಮಾನ ಭತ್ತದ ಗದ್ದೆಯಲ್ಲಿ ದುಡಿದದ್ದು ಅಲ್ಲಿಯವರೆಗೆ ಲೆಕ್ಕಕ್ಕೇ ಬಂದಿರಲಿಲ್ಲ.

ಹಳೆಯ ಕಾಯ್ದೆಗಳ ಜಾಗದಲ್ಲಿ ವಲಸೆ ಮತ್ತು ವಿದೇಶಿಯರ ಕಾಯ್ದೆ 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದೆ. ನಿಯಮಗಳು ಇನ್ನೂ ಹೊಸತು, ತಿದ್ದಲು ಇದೇ ಹೊತ್ತು. ಹತ್ತು ಕೋಟಿಯ ಬಾಗಿಲು ಇರಲಿ, ಅದರ ಪಕ್ಕದಲ್ಲಿ ಹತ್ತು ವರ್ಷದ ಬಾಗಿಲೂ ಇರಲಿ: ಕಾನೂನುಬದ್ಧವಾಗಿ ಇಷ್ಟು ವರ್ಷ ಇಲ್ಲಿ ಇದ್ದು, ಊರಿಗೆ ಉಪಯೋಗವಾಗುವ ಕೆಲಸ ಮಾಡಿ, ಪಂಚಾಯಿತಿಯಿಂದ ಒಳ್ಳೆಯವರು ಅನ್ನಿಸಿಕೊಂಡವರಿಗೆ ವಾಸದ ಹಕ್ಕು ಸಿಗಲಿ. ಕೊಪ್ಪಳದ ಸಂಸದರು ಈ ಮಾತನ್ನು ಲೋಕಸಭೆಯಲ್ಲಿ ಎತ್ತಬೇಕು, ಏಕೆಂದರೆ ಆನೆಗೊಂದಿ ಅವರ ಕ್ಷೇತ್ರದಲ್ಲಿದೆ.

ಹೊರದೇಶದಲ್ಲಿರುವ ನಮ್ಮವರಿಗೂ ಒಂದು ಮಾತು. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು ನೀವು ಕೇಳುತ್ತಿರುವ ನ್ಯಾಯವನ್ನೇ ಕುಷ್ಟಗಿಯಿಂದ, ಯಲಬುರ್ಗಾದಿಂದ ಬೆಂಗಳೂರು, ಮಂಗಳೂರು, ಗೋವಾಕ್ಕೆ ಗುಳೆ ಹೋದವರೂ ಕೇಳುತ್ತಿದ್ದಾರೆ. ಅವರು ಕಟ್ಟಿದ ಅಪಾರ್ಟ್‌ಮೆಂಟಿನ ನೆರಳಲ್ಲೇ ಅವರ ತಗಡಿನ ಶೆಡ್ಡು, ಆ ಶೆಡ್ಡಿಗೆ ವಿಳಾಸವಿಲ್ಲ, ವಿಳಾಸವಿಲ್ಲದ್ದಕ್ಕೆ ಮಗುವಿನ ಶಾಲೆಯ ದಾಖಲಾತಿಗೂ ತೊಡಕು. ರಜೆಗೆ ಊರಿಗೆ ಬಂದಾಗ ಬೆಂಗಳೂರಿನಲ್ಲಿ ಫ್ಲಾಟು ನೋಡಲು ಹೋಗುತ್ತೀರಲ್ಲ, ಕಟ್ಟಡದ ಹಿಂದಿನ ಶೆಡ್ಡುಗಳ ಕಡೆಗೂ ಒಮ್ಮೆ ಹೋಗಿ ಬನ್ನಿ. ಅಲ್ಲಿ ನಿಮ್ಮ ತಾಲ್ಲೂಕಿನವರು ಸಿಗುತ್ತಾರೆ. ಅವರ ಮಕ್ಕಳ ದಾಖಲಾತಿಗೆ ಏನು ಕಾಗದ ಬೇಕೆಂದು ಬಿಲ್ಡರ್‌ನನ್ನು ಕೇಳಿ, ಅದನ್ನು ಬರೆಸಿ ಕೊಡಿಸಿ.